ಬ್ಯಾಕಪ್ ಆಗಿದೆ ಅನ್ನುತ್ತದೆ, ಫೈಲ್ ಮಾತ್ರ ಇಲ್ಲ: ಹುಡುಕುವುದು ಹೇಗೆ?

ರಾತ್ರಿ ಬ್ಯಾಕಪ್ ಜಾಬ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಓಡಿದೆ. ಹಸಿರು ಟಿಕ್ ಬಂದಿದೆ. ಬೆಳಿಗ್ಗೆ ಫೋಲ್ಡರ್ ತೆರೆದರೆ ಬ್ಯಾಕಪ್ ಫೈಲ್ ನಾಪತ್ತೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ಇಟ್ಟುಕೊಂಡಿರುವ ಕಚೇರಿಗಳಲ್ಲಿ ಈ ದೂರು ಹೊಸದೇನಲ್ಲ. ಆಗ ಎಲ್ಲರೂ ಮಾಡುವುದು ಎರಡೇ ಕೆಲಸ. ಮೊದಲು ಎಕ್ಸ್‌ಪ್ಲೋರರ್‌ನಲ್ಲಿ ಸರ್ಚ್ ಹಾಕಿ ಅರ್ಧ ಗಂಟೆ ಕಾಯುತ್ತಾರೆ, ಆಮೇಲೆ ಬೇಸತ್ತು ಇನ್ನೊಂದು ಬ್ಯಾಕಪ್ ತೆಗೆಯುತ್ತಾರೆ. ಎರಡೂ ತಪ್ಪು, ಎರಡನೆಯದು ಜಾಸ್ತಿ ತಪ್ಪು.

ಹೇಳಿದ ಜಾಗಕ್ಕೆ ಬರೆದು ಮುಗಿಸಿದೆ, ಬರೆಯುವಾಗ ಎರರ್ ಬರಲಿಲ್ಲ. ಸರ್ವರ್ ಹೇಳುವುದು ಇಷ್ಟೇ. ಆಮೇಲೆ ಆ ಫೈಲನ್ನು ಯಾರು ಎತ್ತಿಕೊಂಡು ಹೋದರು ಅನ್ನುವುದು ಅದರ ತಲೆನೋವಲ್ಲ. ಆದರೆ ಎಲ್ಲಿ ಬರೆದೆ ಅನ್ನುವುದನ್ನು ಅದು ಬರೆದಿಟ್ಟುಕೊಂಡಿರುತ್ತದೆ. ಫೋಲ್ಡರ್ ತಡಕಾಡುವ ಮೊದಲು ಅದನ್ನೇ ಕೇಳಿ.

1. ಮತ್ತೊಂದು ಬ್ಯಾಕಪ್ ಒತ್ತಬೇಡಿ

ಗಾಬರಿಯಲ್ಲಿ ಇನ್ನೊಂದು ಫುಲ್ ಬ್ಯಾಕಪ್ ತೆಗೆದರೆ ಮುಂದಿನ ಡಿಫರೆನ್ಷಿಯಲ್ ಬ್ಯಾಕಪ್‌ಗಳೆಲ್ಲ (ಹಿಂದಿನ ಫುಲ್ ಬ್ಯಾಕಪ್ ಆದಮೇಲೆ ಬದಲಾದದ್ದನ್ನಷ್ಟೇ ಹಿಡಿಯುವವು) ಅದನ್ನೇ ಆಧಾರವಾಗಿ ಹಿಡಿಯುತ್ತವೆ. ಆ ಫೈಲ್ ಯಾರದೋ ಪೆನ್‌ಡ್ರೈವ್‌ನಲ್ಲಿ ಉಳಿದರೆ ಡಿಫರೆನ್ಷಿಯಲ್‌ಗಳಿದ್ದೂ ಪ್ರಯೋಜನವಿಲ್ಲ. ಸದ್ಯಕ್ಕೆ ಕೈಯಲ್ಲಿ ಒಂದಾದರೂ ಇರಲಿ ಅನ್ನಿಸಿದರೆ ಈ ಆಧಾರವನ್ನು ಬದಲಿಸದ ಕಾಪಿ ಓನ್ಲಿ ಆಯ್ಕೆ ಹಾಕಿ, ಬೇರೆ ಹೆಸರಲ್ಲಿ, ಬೇರೆ ಡ್ರೈವಿಗೆ ತೆಗೆಯಿರಿ. ಬೇರೆ ಡ್ರೈವ್ ಯಾಕೆಂದರೆ, ಹಳೇ ಫೈಲ್ ಡಿಲೀಟ್ ಆಗಿದ್ದರೆ ಅದರ ಮೇಲೆ ಹೊಸದು ಕೂತುಬಿಟ್ಟರೆ ವಾಪಸ್ ಪಡೆಯುವ ಆಸೆಯೂ ಹೋಯಿತು. ಹಳೆಯದು ಸಿಗುವುದೇ ಇಲ್ಲ ಅಂತ ಖಾತ್ರಿಯಾದ ಮೇಲೆ ಮಾಮೂಲಿ ಫುಲ್ ಬ್ಯಾಕಪ್ ತೆಗೆಯಬಹುದು. ನಡುವೆ ಫುಲ್ ಬ್ಯಾಕಪ್ ತೆಗೆದರೆ ಲಾಗ್ ಸರಪಳಿ (ಡೇಟಾಬೇಸ್‌ನ ಬದಲಾವಣೆಗಳ ದಾಖಲೆಯ, ಒಂದಕ್ಕೊಂದು ಜೋಡಿಸಿಕೊಂಡ ಬ್ಯಾಕಪ್‌ಗಳು) ಕಡಿದುಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅದು ನಿಜವಲ್ಲ, ಕೆಡುವುದು ಡಿಫರೆನ್ಷಿಯಲ್ ಲೆಕ್ಕ ಮಾತ್ರ.

2. ಯಾರ ಸಿ ಡ್ರೈವ್?

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್ ನೋಡಿಕೊಳ್ಳುವ ಟೂಲ್ ಮ್ಯಾನೇಜ್‌ಮೆಂಟ್ ಸ್ಟುಡಿಯೋ ತೆರೆದು, ಎಲ್ಲೋ ಇರುವ ಸರ್ವರ್‌ಗೆ ಕನೆಕ್ಟ್ ಆಗಿ, ಸಿ ಡ್ರೈವ್‌ನ ಬ್ಯಾಕಪ್ ಫೋಲ್ಡರ್‌ಗೆ ಹಾಕು ಅಂದಿರಿ. ಫೈಲ್ ಹೋಗುವುದು ಸರ್ವರ್‌ನ ಸಿ ಡ್ರೈವ್‌ಗೆ. ಬ್ಯಾಕಪ್ ಡೈಲಾಗ್‌ನಲ್ಲಿ ಕಾಣುವ ಫೋಲ್ಡರ್ ಪಟ್ಟಿಯೂ ಸರ್ವರ್‌ದೇ. ನೋಡಲು ನಿಮ್ಮ ಕಂಪ್ಯೂಟರ್‌ನ ಹಾಗೇ ಇರುವುದರಿಂದ ಮೋಸ ಹೋಗುವವರು ಬಹಳ. ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತದೆ.

ಇನ್ನೊಂದು ಚಿಕ್ಕ ವಿಷಯ. ಪಾತ್ ಕೊಡದೆ ಸುಮ್ನೆ ಫೈಲ್ ಹೆಸರು ಮಾತ್ರ ಕೊಟ್ಟರೆ ಅದು ಇನ್‌ಸ್ಟೆನ್ಸ್‌ನ (ಆ ಮಷೀನ್‌ನಲ್ಲಿ ಓಡುವ ಎಸ್‌ಕ್ಯೂಎಲ್ ಸರ್ವರ್‌ನ ಒಂದು ಪ್ರತಿ) ಡೀಫಾಲ್ಟ್ ಬ್ಯಾಕಪ್ ಫೋಲ್ಡರ್‌ಗೆ ಹೋಗುತ್ತದೆ, ಅದು ಸಾಮಾನ್ಯವಾಗಿ ಪ್ರೋಗ್ರಾಮ್ ಫೈಲ್ಸ್ ಒಳಗೆ ಎಲ್ಲೋ ಆಳದಲ್ಲಿರುತ್ತದೆ. ಆ ಫೋಲ್ಡರ್ ನೋಡಲು ನಿಮ್ಮ ವಿಂಡೋಸ್ ಲಾಗಿನ್‌ಗೆ ಹೆಚ್ಚಿನ ಸಲ ಪರ್ಮಿಷನ್ ಇರುವುದಿಲ್ಲ. ಹಾಗಾಗಿ ಎಕ್ಸ್‌ಪ್ಲೋರರ್ ಸರ್ಚ್‌ನಲ್ಲಿ ‘ಏನೂ ಸಿಗಲಿಲ್ಲ’ ಅಂತ ಬಂದರೆ ಫೈಲ್ ಇಲ್ಲ ಅಂತ ಅರ್ಥವಲ್ಲ.

3. ಎಂಎಸ್‌ಡಿಬಿಯನ್ನು ಕೇಳಿ

ಜನ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ನೋಡೋಣ.

ಪ್ರತಿ ಇನ್‌ಸ್ಟೆನ್ಸ್‌ನಲ್ಲೂ ಎಂಎಸ್‌ಡಿಬಿ ಅನ್ನುವ ಸಿಸ್ಟಮ್ ಡೇಟಾಬೇಸ್ ಇರುತ್ತದೆ. ಅದರೊಳಗೆ ಬ್ಯಾಕಪ್‌ಸೆಟ್ ಮತ್ತು ಬ್ಯಾಕಪ್‌ಮೀಡಿಯಾಫ್ಯಾಮಿಲಿ ಅಂತ ಎರಡು ಟೇಬಲ್. ಮೊದಲನೆಯದರಲ್ಲಿ ಯಾವ ಡೇಟಾಬೇಸ್, ಎಷ್ಟು ಹೊತ್ತಿಗೆ, ಯಾವ ಬಗೆ, ಯಾರು ಅನ್ನುವ ವಿವರ. ಎರಡನೆಯದರಲ್ಲಿ ಎಲ್ಲಿ ಬರೆದದ್ದು ಅನ್ನುವ ವಿವರ. ಎರಡನ್ನೂ ಮೀಡಿಯಾ_ಸೆಟ್_ಐಡಿ ಕಾಲಂ ಮೇಲೆ ಜಾಯಿನ್ ಮಾಡಿ, ಮುಗಿದ ಸಮಯದ ಪ್ರಕಾರ ಹೊಸದು ಮೇಲೆ ಬರುವಂತೆ ಜೋಡಿಸಿ, ಮೇಲಿನ ಇಪ್ಪತ್ತು ಸಾಲು ನೋಡಿ. ಕ್ವೆರಿ ಬರೆಯಲು ಬೇಸರ ಅನ್ನುವವರಿಗೆ ಡೇಟಾಬೇಸ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ರಿಪೋರ್ಟ್ಸ್ ಒಳಗೆ ಬ್ಯಾಕಪ್ ಆಂಡ್ ರಿಸ್ಟೋರ್ ಇವೆಂಟ್ಸ್ ಅಂತ ಸಿಗುತ್ತದೆ. ನನಗೆ ಕ್ವೆರಿಯೇ ಇಷ್ಟ. ಒಮ್ಮೆ ಬರೆದು ಸೇವ್ ಮಾಡಿಟ್ಟುಕೊಂಡರೆ ಜೀವನಪೂರ್ತಿ ಬರುತ್ತದೆ.

ಈ ಕಾಲಂಗಳನ್ನು ಬಿಡಬೇಡಿ: ಡೇಟಾಬೇಸ್ ಹೆಸರು, ಟೈಪ್, ಈಸ್_ಕಾಪಿ_ಓನ್ಲಿ, ಈಸ್_ಸ್ನ್ಯಾಪ್‌ಶಾಟ್, ಯೂಸರ್_ನೇಮ್, ಮಷೀನ್_ನೇಮ್, ಫಿಸಿಕಲ್_ಡಿವೈಸ್_ನೇಮ್, ಡಿವೈಸ್_ಟೈಪ್. ಟೈಪ್‌ನಲ್ಲಿ ಡಿ ಅಂದರೆ ಫುಲ್, ಐ ಅಂದರೆ ಡಿಫರೆನ್ಷಿಯಲ್, ಎಲ್ ಅಂದರೆ ಲಾಗ್. ಮಷೀನ್_ನೇಮ್ ಯಾಕೆ ಅಂದರೆ, ಬೇರೆ ಸರ್ವರ್‌ನ ಬ್ಯಾಕಪ್ ತಂದು ಇಲ್ಲಿ ರಿಸ್ಟೋರ್ ಮಾಡಿದಾಗಲೂ ಈ ಟೇಬಲ್‌ಗಳಲ್ಲಿ ಒಂದು ಸಾಲು ಸೇರಿಕೊಳ್ಳುತ್ತದೆ. ಅದನ್ನು ನಮ್ಮದೇ ಬ್ಯಾಕಪ್ ಅಂದುಕೊಂಡು ದಿನವಿಡೀ ಹುಡುಕಿದವರನ್ನು ನೋಡಿದ್ದೇನೆ.

ಈಗ ಫಿಸಿಕಲ್_ಡಿವೈಸ್_ನೇಮ್ ಓದಿ. ಅಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ಮುಂದಿನ ದಾರಿ.

*ಮಾಮೂಲಿ ಪಾತ್ ಇದೆ, ಡಿವೈಸ್_ಟೈಪ್ 2.* ಅಂದರೆ ಡಿಸ್ಕ್‌ಗೆ ಬರೆದಿದೆ. ಸರ್ವರ್‌ಗೇ ಲಾಗಿನ್ ಆಗಿ ಆ ಪಾತ್ ಅನ್ನು ಅಕ್ಷರ ಅಕ್ಷರ ನೋಡಿ. ಡೇಟಾ ಅನ್ನುವ ಫೋಲ್ಡರ್ ಎರಡು ಡ್ರೈವ್‌ನಲ್ಲಿರಬಹುದು.

*ಒಂದೇ ಬ್ಯಾಕಪ್‌ಗೆ ಎರಡು ಸಾಲು, ಎರಡು ಪಾತ್.* ಇದು ನನಗೆ ಅತಿ ಸಿಟ್ಟು ತರಿಸುವ ಕೇಸು. ಬ್ಯಾಕಪ್ ಡೈಲಾಗ್ ಹಿಂದಿನ ಸಲದ ಪಾತ್ ಅನ್ನು ಡೆಸ್ಟಿನೇಷನ್ ಡಬ್ಬಿಯಲ್ಲಿ ಹಾಗೇ ಇಟ್ಟಿರುತ್ತದೆ. ನೀವು ಆಡ್ ಒತ್ತಿ ನಿಮ್ಮ ಪಾತ್ ಸೇರಿಸುತ್ತೀರಿ, ಹಳೆಯದನ್ನು ರಿಮೂವ್ ಮಾಡುವುದಿಲ್ಲ. ಆಗ ಎರಡೂ ಕಡೆ ಪೂರ್ತಿ ಬ್ಯಾಕಪ್ ಹೋಗುವುದಿಲ್ಲ, ಒಂದೇ ಬ್ಯಾಕಪ್ ಎರಡು ಫೈಲಿಗೆ ಹಂಚಿಹೋಗುತ್ತದೆ. ನಿಮ್ಮ ಫೋಲ್ಡರ್‌ನಲ್ಲಿ ಇರುವುದು ಅರ್ಧ ಮಾತ್ರ, ಇನ್ನರ್ಧ ಹಿಂದಿನವರು ಕೊಟ್ಟ ಪಾತ್‌ನಲ್ಲಿ. ರಿಸ್ಟೋರ್‌ಗೆ ಹೋದಾಗ 3132 ನಂಬರಿನ ಎರರ್ ಬರುತ್ತದೆ: ಮೀಡಿಯಾ ಸೆಟ್‌ನಲ್ಲಿ ಎರಡು ಫ್ಯಾಮಿಲಿ (ಇಲ್ಲಿ ಎರಡು ಫೈಲ್) ಇವೆ, ನೀವು ಕೊಟ್ಟಿದ್ದು ಒಂದೇ ಅಂತ. ಇನ್ನರ್ಧ ಸಿಗದಿದ್ದರೆ ಕೈಯಲ್ಲಿರುವ ಅರ್ಧ ಯಾವ ಕೆಲಸಕ್ಕೂ ಬರುವುದಿಲ್ಲ. ಡೈಲಾಗ್ ಬಳಸಲೇಬೇಡಿ ಅನ್ನುವುದು ನನ್ನ ಮಾತು. ಬ್ಯಾಕಪ್ ಕಮಾಂಡ್ ಒಂದೇ ಸಾಲಿನದು, ಕೈಯಲ್ಲೇ ಬರೆಯಿರಿ.

*ಪಾತ್ ಸರಿ ಇದೆ, ಫೈಲೂ ಇದೆ, ಆದರೆ ‘ಇವತ್ತಿನ ಫೈಲ್’ ಇಲ್ಲ.* ಅದೇ ಡೈಲಾಗ್‌ನ ಇನ್ನೊಂದು ಉಪಕಾರ. ಇರುವ ಫೈಲಿಗೇ ಅಪೆಂಡ್ ಮಾಡುವುದು ಅದರ ಡೀಫಾಲ್ಟ್. ಇವತ್ತಿನ ಬ್ಯಾಕಪ್ ಹಳೇ ಫೈಲಿನ ಒಳಗೇ ಕೂತಿರುತ್ತದೆ. ರಿಸ್ಟೋರ್ ಹೆಡರ್‌ಓನ್ಲಿ ಕಮಾಂಡ್ ಕೊಟ್ಟರೆ ಒಳಗೆ ಎಷ್ಟು ಬ್ಯಾಕಪ್ ಇವೆ, ಪ್ರತಿಯೊಂದರ ಪೊಸಿಷನ್ ಎಷ್ಟು ಅಂತ ಪಟ್ಟಿ ಬರುತ್ತದೆ. ರಿಸ್ಟೋರ್ ಮಾಡುವಾಗ ಆ ಪೊಸಿಷನ್ ನಂಬರ್ ಕೊಡಿ. ಕೊಡದಿದ್ದರೆ ಮೊದಲನೆಯದು, ಅಂದರೆ ತೀರಾ ಹಳೆಯದು ರಿಸ್ಟೋರ್ ಆಗುತ್ತದೆ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

*ಬ್ರೇಸ್ ನಡುವೆ ಉದ್ದನೆಯ ಅಕ್ಷರ ಅಂಕಿಗಳ ಸರಮಾಲೆ, ಡಿವೈಸ್_ಟೈಪ್ 7.* ಇದು ಫೈಲೇ ಅಲ್ಲ. ವರ್ಚುವಲ್ ಡಿವೈಸ್. ಯಾವುದೋ ಬೇರೆ ಬ್ಯಾಕಪ್ ಸಾಫ್ಟ್‌ವೇರ್ ಬಂದು ಡೇಟಾ ಎತ್ತಿಕೊಂಡು ಹೋಗಿದೆ. ಈಸ್_ಸ್ನ್ಯಾಪ್‌ಶಾಟ್ 1 ಅಂತಿದ್ದು, ಯೂಸರ್_ನೇಮ್‌ನಲ್ಲಿ ಎನ್‌ಟಿ ಅಥಾರಿಟಿ ಸಿಸ್ಟಮ್ ಅಂತಿದ್ದರೆ ವರ್ಚುವಲ್ ಮಷೀನನ್ನು ಇಡಿಯಾಗಿ ಬ್ಯಾಕಪ್ ಮಾಡುವ ಟೂಲ್ ಮೇಲೆ ಅನುಮಾನ ಪಡಿ. ಸರ್ವರ್ ನೋಡಿಕೊಳ್ಳುವವರನ್ನು ಕೇಳಿ, ‘ನಾವು ಡೇಟಾಬೇಸ್ ಮುಟ್ಟೇ ಇಲ್ಲ’ ಅಂತಲೇ ಶುರು ಮಾಡುತ್ತಾರೆ, ಈ ಸಾಲು ತೋರಿಸಿ. ಆಮೇಲೆ ಈಸ್_ಕಾಪಿ_ಓನ್ಲಿ ನೋಡಿ. ಅದು 0 ಆಗಿದ್ದರೆ ನಿಮ್ಮ ಡಿಫರೆನ್ಷಿಯಲ್‌ಗಳ ಆಧಾರ ಈಗ ಆ ಟೂಲ್ ಹೊತ್ತುಕೊಂಡು ಹೋದ ಬ್ಯಾಕಪ್. ಟೂಲ್‌ನ ಸೆಟ್ಟಿಂಗ್‌ನಲ್ಲಿ ಕಾಪಿ ಓನ್ಲಿ ಮಾಡಿಸುವವರೆಗೂ ಅವರನ್ನು ಬಿಡಬೇಡಿ.

*ಎನ್-ಯು-ಎಲ್ ಅಂತ ಮೂರೇ ಅಕ್ಷರ.* ಇದು ಕಸದ ಬುಟ್ಟಿಯೂ ಅಲ್ಲ, ಅಲ್ಲಿಂದಾದರೂ ಎತ್ತಿಕೊಳ್ಳಬಹುದಿತ್ತು. ವಿಂಡೋಸ್‌ನ ನಲ್ ಡಿವೈಸ್‌ಗೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ. ಬ್ಯಾಕಪ್ ಎಷ್ಟು ವೇಗವಾಗಿ ಓಡುತ್ತದೆ ಅಂತ ಅಳೆಯಲು, ಇಲ್ಲವೇ ತುಂಬಿಹೋದ ಲಾಗ್ ಖಾಲಿ ಮಾಡಲು ಯಾರೋ ಹೀಗೆ ಮಾಡಿರುತ್ತಾರೆ. ಸಕ್ಸೆಸ್ ಅಂತಲೇ ಬರುತ್ತದೆ. ಲಾಗ್ ಬ್ಯಾಕಪ್ ಹೀಗೆ ಹೋಗಿದ್ದರೆ ಆ ಹೊತ್ತಿನ ಲಾಗ್ ಇನ್ನಿಲ್ಲ, ಅದರ ಮುಂದಿನ ಲಾಗ್ ಬ್ಯಾಕಪ್‌ಗಳನ್ನು ಹಿಂದಿನದಕ್ಕೆ ಜೋಡಿಸಲಾಗುವುದಿಲ್ಲ. ತಕ್ಷಣ ಫುಲ್ ಇಲ್ಲವೇ ಡಿಫರೆನ್ಷಿಯಲ್ ತೆಗೆಯಿರಿ. ಹುಡುಕುವುದನ್ನು ಇಲ್ಲಿಗೇ ನಿಲ್ಲಿಸಬಹುದು.

*ಸಾಲೇ ಇಲ್ಲ.* ಹಿಸ್ಟರಿಯನ್ನು ಯಾರಾದರೂ ಕ್ಲೀನ್ ಮಾಡಿರಬಹುದು. ಆಗ ಸರ್ವರ್ ತನ್ನ ಮೆಸೇಜ್‌ಗಳನ್ನು ಬರೆದಿಡುವ ಎರರ್ ಲಾಗ್ ನೋಡಿ, ಡೇಟಾಬೇಸ್ ಬ್ಯಾಕಪ್ ಆದಾಗ 18264 ನಂಬರಿನ ಮೆಸೇಜ್, ಲಾಗ್ ಬ್ಯಾಕಪ್ ಆದಾಗ 18265, ಎರಡರಲ್ಲೂ ಪಾತ್ ಸಮೇತ ಇರುತ್ತದೆ. ಎರರ್ ಲಾಗ್ ಉದ್ದವಾಗುತ್ತದೆ ಅಂತ ಯಾರಾದರೂ ಈ ಮೆಸೇಜ್‌ಗಳನ್ನು ತಡೆಯುವ ಟ್ರೇಸ್ ಫ್ಲ್ಯಾಗ್ 3226 ಹಾಕಿದ್ದರೆ ಇದೂ ಇರುವುದಿಲ್ಲ.

4. ಜಾಬ್ ಓಡಿದೆ, ಬ್ಯಾಕಪ್ ಆಗೇ ಇಲ್ಲ

ಎಂಎಸ್‌ಡಿಬಿಯಲ್ಲೂ ಇಲ್ಲ, ಎರರ್ ಲಾಗ್‌ನಲ್ಲೂ ಇಲ್ಲ ಅಂದರೆ ಹಸಿರು ಟಿಕ್ ಮೇಲೇ ಅನುಮಾನ ಪಡಬೇಕು. ಅವೈಲಬಿಲಿಟಿ ಗ್ರೂಪ್ (ಒಂದೇ ಡೇಟಾಬೇಸ್‌ನ ಪ್ರತಿಗಳು ಹಲವು ಮಷೀನ್‌ಗಳಲ್ಲಿ: ಮುಖ್ಯವಾದದ್ದು ಪ್ರೈಮರಿ, ಉಳಿದವು ಸೆಕೆಂಡರಿ) ಇದ್ದರೆ ಬ್ಯಾಕಪ್ ಸೆಕೆಂಡರಿಯಲ್ಲಿ ಆಗಲಿ ಅನ್ನುವುದೇ ಡೀಫಾಲ್ಟ್ ಆಯ್ಕೆ. ಪ್ರೈಮರಿಯಲ್ಲಿ ಓಡುವ ಜಾಬ್ ‘ಇದು ನನ್ನ ಕೆಲಸ ಅಲ್ಲ’ ಅಂತ ಏನೂ ಮಾಡದೆ ಸಕ್ಸೆಸ್ ಹೇಳಿ ಹೊರಟುಬಿಡುತ್ತದೆ. ಫೈಲ್ ಮತ್ತೊಂದು ಮಷೀನ್‌ನಲ್ಲಿರುತ್ತದೆ, ಅದರ ಹಿಸ್ಟರಿ ಆ ಮಷೀನ್‌ನ ಎಂಎಸ್‌ಡಿಬಿಯಲ್ಲಿರುತ್ತದೆ. ಎರಡೂ ಕಡೆ ನೋಡಿ. ಎರಡೂ ಕಡೆ ಇಲ್ಲದಿದ್ದರೆ ಸೆಕೆಂಡರಿಯಲ್ಲಿ ಜಾಬ್ ಮಾಡುವುದನ್ನೇ ಮರೆತಿದ್ದಾರೆ.

ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಎಡಿಷನ್‌ನಲ್ಲಿ ಜಾಬ್ ಓಡಿಸುವ ಏಜೆಂಟ್ ಇಲ್ಲವಲ್ಲ, ಅಲ್ಲಿ ಟಾಸ್ಕ್ ಶೆಡ್ಯೂಲರ್‌ನಿಂದ ಬ್ಯಾಚ್ ಫೈಲ್ ಓಡಿಸುತ್ತಾರೆ. ಬ್ಯಾಚ್ ಫೈಲ್‌ನ ಕೊನೇ ಸಾಲು ಸರಿಯಾಗಿ ಮುಗಿದರೆ ಟಾಸ್ಕ್ ಶೆಡ್ಯೂಲರ್‌ಗೆ ಎಲ್ಲವೂ ಸರಿ. ಮಧ್ಯದಲ್ಲಿ ಬ್ಯಾಕಪ್ ಫೇಲ್ ಆಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಬ್ಯಾಚ್ ಫೈಲ್‌ನಲ್ಲಿ ಬ್ಯಾಕಪ್ ಓಡಿಸುವ ಎಸ್‌ಕ್ಯೂಎಲ್‌ಸಿಎಂಡಿ ಕಮಾಂಡ್‌ಗೆ, ಎರರ್ ಬಂದರೆ ನಿಲ್ಲಿಸುವ ಮೈನಸ್ ಬಿ ಸ್ವಿಚ್ ಸೇರಿಸಿ, ಅದರ ಎರರ್‌ಲೆವೆಲ್ ನೋಡಿ ಹೊರಬರುವ ಹಾಗೆ ಬರೆಯಿರಿ.

5. ಇತ್ತು, ಈಗ ಇಲ್ಲ

ಪಾತ್ ಸರಿ, ಮಷೀನ್ ಸರಿ, ಫೈಲ್ ಇಲ್ಲ. ಹಾಗಾದರೆ ಯಾರೋ ಅಳಿಸಿದ್ದಾರೆ. ಬಹುಪಾಲು ಸಲ ಆ ‘ಯಾರೋ’ ನೀವೇ ಹಾಕಿದ ಕ್ಲೀನಪ್.

ಓಲಾ ಹ್ಯಾಲೆಂಗ್ರೆನ್ ಬರೆದ ಬ್ಯಾಕಪ್ ಸ್ಕ್ರಿಪ್ಟ್‌ಗಳನ್ನು ಜಗತ್ತಿನ ತುಂಬ ಬಳಸುತ್ತಾರೆ, ನಾನೂ ಬೇರೆ ಯಾವುದನ್ನೂ ಹೇಳುವುದಿಲ್ಲ. ಅದರಲ್ಲಿ ಕ್ಲೀನಪ್‌ಟೈಮ್ ಅಂತ ಒಂದು ಪ್ಯಾರಾಮೀಟರ್ ಇದೆ, ಲೆಕ್ಕ ಗಂಟೆಗಳಲ್ಲಿ. ಒಂದು ವಾರ ಇರಲಿ ಅಂತ 7 ಹಾಕಿದರೆ ಏಳು ಗಂಟೆ ದಾಟಿದ ಫೈಲುಗಳು ಮುಂದಿನ ಓಟದಲ್ಲಿ ಹೋಗುತ್ತವೆ. ವಾರಕ್ಕೆ 168 ಹಾಕಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲೇ ಇರುವ ಮೇಂಟೆನೆನ್ಸ್ ಪ್ಲಾನ್‌ನ ಕ್ಲೀನಪ್ ಟಾಸ್ಕ್‌ನಲ್ಲಿ ಇನ್ನೊಂದು ತರಲೆ. ಎಕ್ಸ್‌ಟೆನ್ಷನ್ ಕಡೆ ಚುಕ್ಕೆ ಸೇರಿಸಿ ಬರೆದರೆ ಏನೂ ಡಿಲೀಟ್ ಆಗುವುದಿಲ್ಲ, ಡಿಸ್ಕ್ ತುಂಬುತ್ತದೆ. ತುಂಬಿದಾಗ ಯಾರೋ ಬಂದು ಕೈಯಲ್ಲಿ ಅಳಿಸುತ್ತಾರೆ, ಹೊಸದು ಹಳೆಯದು ಅಂತ ನೋಡುವುದಿಲ್ಲ. ಎರಡು ಪ್ಲಾನ್ ಒಂದೇ ಫೋಲ್ಡರ್ ಮೇಲೆ ಓಡುತ್ತಿದ್ದರೆ ಒಂದರ ಫೈಲನ್ನು ಇನ್ನೊಂದು ತಿನ್ನುತ್ತದೆ. ಡೇಟಾಬೇಸ್‌ಗೊಂದು ಫೋಲ್ಡರ್ ಇಡಿ.

ಆಂಟಿವೈರಸ್‌ನ ಕ್ವಾರಂಟೀನ್ ಒಮ್ಮೆ ನೋಡಿ. ಬ್ಯಾಕಪ್ ಮತ್ತು ಡೇಟಾ ಫೈಲುಗಳ ಎಕ್ಸ್‌ಟೆನ್ಷನ್‌ಗಳನ್ನು ಸ್ಕ್ಯಾನ್‌ನಿಂದ ಹೊರಗಿಡಿ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ.

ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ವರ್ಚುವಲ್ ಮಷೀನ್‌ನಲ್ಲಿ ಬ್ಯಾಕಪ್ ಅನ್ನು ಡಿ ಡ್ರೈವ್‌ಗೆ ಹಾಕುತ್ತಿದ್ದೀರಾ? ಅದು ಸಾಮಾನ್ಯವಾಗಿ ಟೆಂಪರರಿ ಡಿಸ್ಕ್. ಮಷೀನ್ ಸ್ಟಾಪ್ ಮಾಡಿ ಡೀಅಲೊಕೇಟ್ ಆದರೆ ಅದರಲ್ಲಿದ್ದದ್ದು ಹೋಯಿತು. ಡೇಟಾಲಾಸ್ ವಾರ್ನಿಂಗ್ ಅಂತಲೇ ಹೆಸರಿರುವ ಟೆಕ್ಸ್ಟ್ ಫೈಲ್ ಆ ಡ್ರೈವ್‌ನಲ್ಲಿ ಇಟ್ಟಿರುತ್ತಾರೆ, ಓದುವವರು ಯಾರು. ಡಾಕರ್‌ನಲ್ಲೂ ಇದೇ ಕತೆ: ವಾಲ್ಯೂಮ್ ಜೋಡಿಸದೆ ಕಂಟೈನರ್ ಒಳಗೇ ಬ್ಯಾಕಪ್ ಬರೆದರೆ, ಕಂಟೈನರ್ ತೆಗೆದ ದಿನ ಬ್ಯಾಕಪ್ಪೂ ಹೋಗುತ್ತದೆ.

ಅಳಿಸಿದ್ದು ಯಾರು ಅಂತ ಹಿಡಿಯಲೇಬೇಕು ಅನ್ನಿಸಿದರೆ ಆ ಫೋಲ್ಡರ್ ಮೇಲೆ ವಿಂಡೋಸ್ ಆಡಿಟಿಂಗ್ ಆನ್ ಮಾಡಿ. ಸೆಕ್ಯೂರಿಟಿ ಲಾಗ್‌ನಲ್ಲಿ 4663 ಮತ್ತು 4660 ನಂಬರಿನ ಇವೆಂಟ್ ನೋಡಿದರೆ ಯಾವ ಅಕೌಂಟ್, ಯಾವ ಪ್ರೋಗ್ರಾಂ ಅಂತ ಸಿಗುತ್ತದೆ. ಇದು ಮುಂದಿನ ಸಲಕ್ಕೆ ಮಾತ್ರ, ಆಗಿಹೋದದ್ದಕ್ಕೆ ಅಲ್ಲ. ಆಗಿಹೋದದ್ದಕ್ಕೆ ಫೋಲ್ಡರ್ ಪ್ರಾಪರ್ಟೀಸ್‌ನ ಪ್ರೀವಿಯಸ್ ವರ್ಷನ್ಸ್ ನೋಡಿ, ಶ್ಯಾಡೋ ಕಾಪಿ (ವಿಂಡೋಸ್ ತೆಗೆದಿಡುವ ಡಿಸ್ಕ್‌ನ ಹಳೇ ಪ್ರತಿ) ಆನ್ ಇದ್ದರೆ ಅದೃಷ್ಟ.

6. ನೆಟ್‌ವರ್ಕ್ ಡ್ರೈವ್

ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿಕೊಂಡು ಅದಕ್ಕೆ ಬ್ಯಾಕಪ್ ಹಾಕಬೇಡಿ. ನಿಮ್ಮ ಲಾಗಿನ್‌ನ ಝಡ್ ಬೇರೆ, ಸರ್ವರ್ ಸರ್ವೀಸ್ ಓಡುವ ಅಕೌಂಟ್‌ನ ಝಡ್ ಬೇರೆ. ಹೆಚ್ಚಿನ ಸಲ ಎರರ್ ಬಂದು ಬದುಕಿಕೊಳ್ಳುತ್ತೀರಿ. ಆದರೆ ಯಾರಾದರೂ ಹಿಂದೆ ಎಸ್‌ಕ್ಯೂಎಲ್ ಸರ್ವರ್ ಒಳಗಿನಿಂದ ವಿಂಡೋಸ್ ಕಮಾಂಡ್ ಓಡಿಸುವ ಎಕ್ಸ್‌ಪಿ_ಸಿಎಂಡಿಶೆಲ್ ಮೂಲಕ ಸರ್ವೀಸ್‌ಗೂ ಒಂದು ಝಡ್ ಮಾಡಿಕೊಟ್ಟಿದ್ದರೆ ಫೈಲ್ ಸುಖವಾಗಿ ಬೇರೆ ಶೇರ್‌ಗೆ ಹೋಗಿರುತ್ತದೆ. ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ತಿ ಪಾತ್ ಕೊಡಿ, ಆ ಶೇರ್‌ಗೆ ಸರ್ವೀಸ್ ಅಕೌಂಟ್‌ಗೆ ಬರೆಯುವ ಪರ್ಮಿಷನ್ ಕೊಡಿ.

7. ದಿನಾ ಬೆಳಿಗ್ಗೆ ಒಂದು ಚೆಕ್

ಬ್ಯಾಕಪ್ ಆದ ಕೂಡಲೇ ಫೈಲ್ ಓದಲು ಬರುತ್ತದೆಯಾ ಅಂತ ನೋಡುವ ರಿಸ್ಟೋರ್ ವೆರಿಫೈಓನ್ಲಿ ಕಮಾಂಡ್ ಓಡಿಸುವುದು ಒಳ್ಳೆಯದೇ, ಆದರೆ ಅದು ಆ ಕ್ಷಣದ ಮಾತು. ಎರಡು ಗಂಟೆ ಬಿಟ್ಟು ಕ್ಲೀನಪ್ ಬಂದರೆ? ಹಾಗಾಗಿ ಬೆಳಿಗ್ಗೆ ಇನ್ನೊಂದು ಚಿಕ್ಕ ಜಾಬ್ ಇಡಿ. ಎಂಎಸ್‌ಡಿಬಿಯಿಂದ ನಿನ್ನೆಯ ಪಾತ್‌ಗಳನ್ನು ತೆಗೆದುಕೊಂಡು, ಒಂದೊಂದೂ ನಿಜವಾಗಿ ಇದೆಯಾ ಅಂತ ನೋಡಿ, ಫೈಲ್ ಸೈಜನ್ನು ಕಂಪ್ರೆಸ್ಡ್_ಬ್ಯಾಕಪ್_ಸೈಜ್ ಕಾಲಂ ಜೊತೆ ಹೋಲಿಸಿ, ಹತ್ತಿರ ಹತ್ತಿರ ಇಲ್ಲದಿದ್ದರೆ ಮೇಲ್ ಕಳಿಸಲಿ. ಇರುವಿಕೆ ನೋಡಲು ಎಕ್ಸ್‌ಪಿ_ಫೈಲ್‌ಎಕ್ಸಿಸ್ಟ್ ಸಾಕು. ಅಪೆಂಡ್ ಮಾಡುವ ಅಭ್ಯಾಸ ಇದ್ದರೆ ಸೈಜ್ ಹೋಲಿಕೆ ತಾಳೆಯಾಗುವುದಿಲ್ಲ, ಆ ಅಭ್ಯಾಸವನ್ನೇ ಬಿಟ್ಟು ಪ್ರತಿ ಬ್ಯಾಕಪ್‌ಗೂ ತಾರೀಖು, ಸಮಯ ಸೇರಿಸಿದ ಹೊಸ ಹೆಸರು ಕೊಡಿ.