ಮಂತ್ರದ ಕೋಲಿನ ಉತಾರ (ಪಹಣಿ) ಯಾರ ಹೆಸರಿಗೆ? ನನ್ನ ಅನುಭವ

ನಾ ಗದಗಿನ್ಯಾಗ ಒಬ್ಬ ಬಾಂಡ್ ರೈಟರ್ ಕಡೆ ಕೆಲಸ ಮಾಡ್ತೀನಿ, ಹಗಲೆಲ್ಲಾ ಖರೀದಿ ಪತ್ರ, ವಾಟ್ನಿ, ವಾರಸಾ ಅರ್ಜಿ ಟೈಪ್ ಮಾಡೋದು, ರಾತ್ರಿ ಫ್ಯಾಂಟಸಿ ಓದೋದು, ಎರಡು ವರ್ಷದಿಂದ ನಂದ ಒಂದು ಕಥಿನೂ ಬರಿಯಾಕ ಹತ್ತೀನಿ. ಕಪ್ಪತಗುಡ್ಡದ ಬುಡಕ ಒಂದು ಊರು, ಅಲ್ಲಿ ಒಬ್ಬಾಕಿ ಅಜ್ಜಿ, ಆಕಿ ಕಡೆ ಮಳಿ ಕರಿಯೋ ಒಂದು ಕಂದೀಲು. ಅಜ್ಜಿ ತೀರಿಕೊಂಡ ಮ್ಯಾಲ ಕಂದೀಲು ದೊಡ್ಡ ಮೊಮ್ಮಗ ಇಟಗೊಂಡ, ಆದ್ರ ಅದು ಹತ್ತೋದು ಸಣ್ಣಾವ ಮುಟ್ಟಿದ್ರ ಮಾತ್ರ. ಯಾಕ ಅನ್ನೋದು ನನಗೂ ಗೊತ್ತಿರಲಿಲ್ಲ, ಆರು ತಿಂಗಳು ಕಥಿ ಅಲ್ಲೇ ನಿಂತಿತ್ತು.

ಐತವಾರ ನಾವು ನಾಲ್ಕು ಮಂದಿ ಕೂಡ್ತೀವಿ, ಗಿರಮಿಟ್ ಮಿರ್ಚಿ ತಗೊಂಡು. ಒಂದ್ಸಲ ಮೂರು ಚಾಪ್ಟರ್ ಓದಿ ತೋರಿಸಿದ್ನಿ. ಮೆಡಿಕಲ್ ಶಾಪಿನ್ಯಾಗ ಇರೋ ನನ್ನ ದೋಸ್ತ ಪಟ್ನ ಅಂದ, 'ಇದರಾಗೇನೈತಿಲೇ, ಯಾರ ಕೈಯಾಗ ಐತೋ ಶಕ್ತಿ ಅವಂದ.' ನನ್ನ ತಂಗಿ ಬಿಡ್ತಾಳೇನು, ಹ್ಯಾರಿ ಪಾಟರ್ ಏಳೂ ಪುಸ್ತಕ ಅರದು ಕುಡದಾಕಿ, 'ಹಂಗಿದ್ರ ವೋಲ್ಡೆಮಾರ್ಟ್ ಯಾಕ ಸತ್ತಾ ಅಣ್ಣಾ?' ಅಂದ್ಳು. ವೋಲ್ಡೆಮಾರ್ಟ್ ಅಂದ್ರ ಆ ಕಥಿಯ ಖಳ, ಎಲ್ಡರ್ ವ್ಯಾಂಡ್ ಅನ್ನೋ ಎಲ್ಲಾಕಿಂತ ಜೋರಿನ ಮಂತ್ರದ ಕೋಲು ಇದ್ದದ್ದು ಅವನ ಕೈಯಾಗನ, ಹ್ಯಾರಿಯ ಸಾಲಿ ಹೆಡ್‌ಮಾಸ್ತರ ಡಂಬಲ್‌ಡೋರ್‌ನ ಗೋರಿ ಒಡದು ತಂದಿದ್ದ. ಮಾಲೀಕನ್ನ ಸೋಲಿಸಿದವಂಗ ಆ ಕೋಲು ಒಲೀತೈತಿ, ಅದಕ್ಕ ಡಂಬಲ್‌ಡೋರ್‌ನ್ನ ಕೊಂದ ಸ್ನೇಪ್ ಮಾಸ್ತರನ ಅದರ ಮಾಲೀಕ ಅನಕೊಂಡು ಅವನ್ನೂ ಕೊಲ್ಲಿಸಿದ. ಆದ್ರ ಡಂಬಲ್‌ಡೋರ್ ಸಾಯೋಕಿಂತ ಮೊದಲ ಅವನ ಕೈಯಾಗಿಂದ ಕೋಲು ಹಾರಿಸಿದ್ದು ಹ್ಯಾರಿ ಜೋಡಿ ಕಲಿಯೋ ಹುಡುಗ ಡ್ರೇಕೋ, ಮುಂದ ಹ್ಯಾರಿ ಆ ಡ್ರೇಕೋನ ಸ್ವಂತ ಕೋಲು ಕಸಗೊಂಡ, ಅಷ್ಟಕ್ಕ ಎಲ್ಡರ್ ವ್ಯಾಂಡ್ ಹ್ಯಾರಿದಾತು, ತನ್ನ ಮಾಲೀಕನ್ನ ಕೊಲ್ಲಾಕ ಅದು ಒಪ್ಪಲಿಲ್ಲ.

'ಡ್ರೇಕೋ ಆ ಕೋಲು ಒಮ್ಮೆನೂ ಹಿಡದಿಲ್ಲ, ಹ್ಯಾರಿ ಕಸಗೊಂಡಿದ್ದು ಬ್ಯಾರೆ ಕೋಲು! ಇಲ್ಲಿ ಒಬ್ಬನ ಕೈ ತಿರುವಿದ್ರ ಮುಂಡರಗಿಯಾಗಿನ ಹೊಲ ನನ್ನ ಹೆಸರಿಗೆ ಆಕೈತೇನು?' ಅಂತ ದೋಸ್ತ ಎದ್ದ ನಿಂತ.

ಹೊಲ ಅಂದ ಕೂಡ್ಲೆ ನನಗ ತಲಿಯಾಗ ಲೈಟ್ ಹತ್ತಿದಂಗಾತು. ಚೀಲದಾಗ ಒಂದು ಹಳೇ ಉತಾರದ ಜೆರಾಕ್ಸ್ ಇತ್ತು, ಅದರ ಹಿಂದ ಪೆನ್ನಿಲೆ ನಾಲ್ಕು ಗೆರಿ ಎಳದ್ನಿ. ಉತಾರದಾಗ 9ನೇ ಕಾಲಂ ಅಂದ್ರ ಮಾಲೀಕನ ಹೆಸರು, 10ರಾಗ ಅದು ಅವಂಗ ಹೆಂಗ ಬಂತು, 11ರಾಗ ಬ್ಯಾರೆಯವರ ಹಕ್ಕು ಮತ್ತ ಸಾಲದ ಬೋಜಾ, 12ರಾಗ ಉಳುಮಿ ಮಾಡೋರು. ನಾಲ್ಕೂ ಬ್ಯಾರೆ ಬ್ಯಾರೆ ಸವಾಲು, ನಾವು ನಾಲ್ಕನ್ನೂ ಒಂದ ಮಾಡಿ ಜಗಳಾಡಾಕ ಹತ್ತಿದ್ವಿ. ವೋಲ್ಡೆಮಾರ್ಟ್ 12ರಾಗ ಅದಾನ, 9ರಾಗ ಹ್ಯಾರಿ. ಇನ್ನ ದೋಸ್ತನ ಸವಾಲಿಗೆ ನಾ ಹೇಳಿದ್ದು ಇಷ್ಟ: ಹೊಲಕ್ಕ ತನ್ನ ಮಾಲೀಕ ಯಾರಂತ ತಿಳಿಯೂದಿಲ್ಲ, ಊರಿನ ಜಮೀನು ದಾಖಲೆ ನೋಡಿಕೊಳ್ಳೋ ತಲಾಠಿ ಬರೀಬೇಕು, ಆ ಕೋಲಿಗೆ ತಿಳೀತೈತಿ, ಅಲ್ಲಿ ಹೊಲಾನೂ ಅದ, ತಲಾಠಿನೂ ಅದ. ಅವ ಪೂರ್ತಿ ಒಪ್ಪಲಿಲ್ಲ. ಪ್ರಾಕ್ಟೀಸಿನ್ಯಾಗ ಹುಡುಗ್ರು ಒಬ್ಬರದೊಬ್ಬರು ಕೋಲು ಹಾರಸ್ತಾರಲ್ಲ, ದಿನಾ ಮಾಲೀಕ ಬದಲಾಗತಾನೇನು ಅಂತ ಕೇಳಿದ. ಖರೇ ಸವಾಲದು. ಖರೇನ ಸೋಲಿಸಬೇಕಂತ ಎದುರು ನಿಂತಾಗಷ್ಟ ಹೆಸರು ಬದಲಾಗಬೇಕು ಅನ್ನೋದು ನನ್ನ ವಿಚಾರ.

ಆಮ್ಯಾಲ ಮಹಾಭಾರತ ಹಿಡಕೊಂಡ್ವಿ, ಗದಗಿನ್ಯಾಗ ಕುಂತು ಭಾರತ ಬಿಟ್ಟು ಮಾತಾಡೋದು ಹೆಂಗ್ರಿ. ಗಾಂಡೀವ ನೋಡ್ರಿ, ಖಾಂಡವ ಸುಡೋ ಮುಂದ ಅಗ್ನಿ ಅದನ್ನ ವರುಣನ ಕಡೆಯಿಂದ ಇಸಗೊಂಡು ಅರ್ಜುನಗ ಕೊಟ್ಟಿದ್ದು, ಕಡೀಕ ಮಹಾಪ್ರಸ್ಥಾನದಾಗ ಅದ ಅಗ್ನಿ ಬಂದು ವಾಪಸ್ ಕೊಡು ಅಂದಾಗ ಅರ್ಜುನ ನೀರಾಗ ಒಗದ. ಅಂದ್ರ ಅದು ಲಾವಣಿಗೆ (ಗೇಣಿಗೆ) ಹಿಡದ ಹೊಲ ಇದ್ದಂಗ! ಅದಕೂ ಮೊದಲ, ದ್ವಾರಕೆಯ ಹೆಣ್ಣುಮಕ್ಕಳನ್ನ ಕರಕೊಂಡು ಬರೋವಾಗ ಆಭೀರರು ಮ್ಯಾಲ ಬಿದ್ರು, ಬಿಲ್ಲು ಕೈಯಾಗ ಇತ್ತು, ಅಸ್ತ್ರ ನೆನಪಿಗೆ ಬರಲಿಲ್ಲ, ಬತ್ತಳಿಕಿ ಖಾಲಿ ಆತು. ಅದನ್ನ ಓದಿದಾಗೆಲ್ಲ ನನಗ ಹೊಟ್ಯಾಗ ಸಂಕಟ ಆಕೈತಿ. ಕರ್ಣಂದು 10ನೇ ಕಾಲಂದಾಗ ಗಡಬಡಿ, ಸುಳ್ಳು ಹೇಳಿ ಪರಶುರಾಮನ ಕಡೆ ಬ್ರಹ್ಮಾಸ್ತ್ರ ಕಲತ, ಅದಕ್ಕ 11ರಾಗ ಶಾಪ ಬೋಜಾ ಆಗಿ ಕುಂತತು. ತಂಗಿ ಅಂತೂ ಕುಮಾರವ್ಯಾಸನ್ನೂ ಬಿಡಲಿಲ್ಲ, ವೀರನಾರಾಯಣನ ಕವಿ, ತಾನು ಲಿಪಿಕಾರ ಅಂತ ಅವನ ಹೇಳ್ಯಾನಲ್ಲ, 9ರಾಗ ದೇವ್ರು 12ರಾಗ ಕುಮಾರವ್ಯಾಸ ಅಂತ ಬರದ್ಳು.

ಅಶ್ವತ್ಥಾಮನ ಹತ್ರ ಮಾತ್ರ ನನ್ನ ಕಾಲಂ ಸಾಲಲಿಲ್ಲ. ಅವನೂ ಅಸ್ತ್ರ ಬಿಟ್ಟ, ಅರ್ಜುನನೂ ಬಿಟ್ಟ, ಋಷಿಗಳು ತಡದಾಗ ವಾಪಸ್ ತಗೊಳ್ಳಾಕ ಆಗಿದ್ದು ಅರ್ಜುನಗ ಅಷ್ಟ. ಬಿಡೋ ಹಕ್ಕು ಬ್ಯಾರೆ, ವಾಪಸ್ ಕರಿಯೋ ಹಕ್ಕು ಬ್ಯಾರೆ. ಉತಾರದಾಗ ಅಂಥಾ ಕಾಲಂ ಇಲ್ಲ, ನಾ ಐದನೇ ಗೆರಿ ಎಳದ್ನಿ.

ಮನಿಗೆ ಬಂದು ನನ್ನ ಕಥಿಯ ಕಂದೀಲಿನ ಕಾಲಂ ಬರಿಯಾಕ ಕೂತ್ನಿ. 12ರಾಗ ದೊಡ್ಡಾವ. 9ರಾಗ ಸಣ್ಣಾವ, ಯಾಕಂದ್ರ ಅಜ್ಜಿ ಹಾಸಿಗಿ ಹಿಡದ ಮ್ಯಾಲ ಮೂರು ವರ್ಷ ದಿನಾ ಸಂಜಿಗೆ ಗಾಜು ಒರಸಿ ಎಣ್ಣಿ ಹಾಕಿದವ ಅವ, ಅದ 10ನೇ ಕಾಲಂ. ಅಷ್ಟು ಬರೀತಿದ್ದಂಗ ಆರು ತಿಂಗಳ ಗಂಟು ಬಿಚ್ಚಿತು. ವಾಪಸ್ ಕರಿಯೋ ಹಕ್ಕು ಇಬ್ಬರಿಗೂ ಇಲ್ಲ, ಬಂದ ಮಳಿ ನಿಲ್ಲಸಾಕ ಬರ್ತಿದ್ದದ್ದು ಅಜ್ಜಿಗೆ ಒಬ್ಬಾಕಿಗೆ. 11 ಖಾಲಿ ಉಳದಿತ್ತು, ತಂಗಿ ಚಾ ತಂದಿಟ್ಟು ಹಾಳಿ ನೋಡಿ ಪೆನ್ನು ಇಸಗೊಂಡು ಬರದ್ಳು: 'ಯಾರ ಹೊಲಕ್ಕ ಮಳಿ ಕರದ್ರೂ ಮನಿ ಬಾವಿ ಒಂದು ಮೊಳ ಇಳೀತೈತಿ.'

ಈಗ ನಾಲ್ಕನೇ ಚಾಪ್ಟರ್ ನಡದೈತಿ. ಊರಿಗೆಲ್ಲಾ ಮಳಿ ಬಿದ್ದೈತಿ, ಸಣ್ಣಾವ ಹಗ್ಗಕ್ಕ ಗಂಟು ಹಾಕಿ ಬಾವಿಯಾಗ ಇಳಿಬಿಟ್ಟು ನೀರು ಅಳಿಯಾಕ ಹತ್ಯಾನ.