ಇಪ್ಪತ್ತರ ತನಕ ಹೇಳೋ ಮಗು, ಮೂರು ಆಲೂಗಡ್ಡೆ ತಾ ಅಂದ್ರೆ ಬುಟ್ಟಿನೇ ತರುತ್ತಲ್ಲ, ಯಾಕೆ?

ನನ್ನ ಮಗಳಿಗೆ ಎರಡೂಮುಕ್ಕಾಲು ವರ್ಷ ಇದ್ದಾಗ ಮನೆಗೆ ಯಾರೇ ಬರಲಿ, "ಒಂದು ಎರಡು ಹೇಳು ಪುಟ್ಟಿ" ಅಂದ್ರೆ ಸಾಕು, ಉಸಿರು ಬಿಡದೆ ಇಪ್ಪತ್ತರ ತನಕ ಒದರ್ತಿದ್ಲು. ಹದಿನಾರು ಮಾತ್ರ ಪ್ರತಿ ಸಲ ಬಿಟ್ಟೋಗ್ತಿತ್ತು, ಇರಲಿ. ಅವಳ ಅಜ್ಜಿಗಂತೂ ಫೋನ್ ಮಾಡಿದವರಿಗೆಲ್ಲ ಅದನ್ನೇ ಕೇಳಿಸೋ ಸಂಭ್ರಮ. ಒಂದಿನ ಸಾಗು ಮಾಡೋಕೆ ಅಂತ "ಮೂರು ಆಲೂಗಡ್ಡೆ ತಗೊಂಬಾ ಕಂದ" ಅಂದೆ, ಎದೆಗೆ ಅವಚಿಕೊಂಡು ಐದು ತಂದ್ಲು, ದಾರಿಲಿ ಒಂದು ಉರುಳೋಯ್ತು ಅದು ಸೋಫಾ ಕೆಳಗೆ ಸೇರ್ಕೊಂತು. "ಎಷ್ಟಿದೆ ಎಣಿಸು ನೋಡೋಣ" ಅಂದೆ. ಬೆರಳಿಟ್ಟು ಒಂದು ಎರಡು ಮೂರು ನಾಲ್ಕು ಅಂತ ಸರಿಯಾಗೇ ಎಣಿಸಿದ್ಲು. "ಹಂಗಾದ್ರೆ ಒಟ್ಟು ಎಷ್ಟು?" ಅಂದ್ರೆ ನನ್ನ ಮುಖ ನೋಡಿ ಮತ್ತೆ ಒಂದರಿಂದ ಶುರು ಮಾಡಿದ್ಲು!

ಸುಳ್ಳು ಯಾಕೆ ಹೇಳಲಿ, ಗಾಬರಿ ಆಯ್ತು. ಆಮೇಲೆ ಓದ್ತಾ ಓದ್ತಾ ಗೊತ್ತಾಯ್ತು, ಹೆಚ್ಚುಕಡಿಮೆ ಎಲ್ಲಾ ಮಕ್ಕಳೂ ಇದೇ ದಾರಿಲೇ ಬರೋದು ಅಂತ. ಬಾಯಲ್ಲಿ ಅಂಕಿ ಹೇಳೋದು ಬೇರೆ, ಎಣಿಸೋದು ಬೇರೆ. ಆ ವಯಸ್ಸಲ್ಲಿ "ಒಂದು ಎರಡು ಮೂರು" ಅನ್ನೋದು ಮಗುಗೆ ಒಂದು ಹಾಡು, ಬೆರಳಿಡೋದು ಆ ಹಾಡಿನ ಆ್ಯಕ್ಷನ್ ಅಷ್ಟೇ. ಕೊನೇಲಿ ಬಾಯಿಂದ ಬಂದ ಪದ ಇದೆಯಲ್ಲ, ಅದೇ "ಎಷ್ಟು" ಅನ್ನೋ ಪ್ರಶ್ನೆಗೆ ಉತ್ತರ ಅನ್ನೋದು ಅದಕ್ಕೆ ಇನ್ನೂ ಹೊಳೆದಿರಲ್ಲ. 1978ರಲ್ಲೇ ಗೆಲ್ಮನ್, ಗ್ಯಾಲಿಸ್ಟೆಲ್ ಅನ್ನೋ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು ಇದನ್ನ ಬಿಡಿಸಿ ಹೇಳಿದ್ರು: ಒಂದು ವಸ್ತುಗೆ ಒಂದೇ ಪದ ಹೇಳ್ಬೇಕು, ಪದಗಳ ಕ್ರಮ ತಪ್ಪಬಾರದು, ಕೊನೇ ಪದವೇ ಒಟ್ಟು, ಏನನ್ನ ಬೇಕಾದ್ರೂ ಎಣಿಸಬಹುದು, ಆ ಕಡೆಯಿಂದ ಎಣಿಸಿದ್ರೂ ಈ ಕಡೆಯಿಂದ ಎಣಿಸಿದ್ರೂ ಲೆಕ್ಕ ಅಷ್ಟೇ. ನಮಗೆ ಇದೆಲ್ಲ ಎಷ್ಟು ಸಹಜ ಆಗ್ಬಿಟ್ಟಿದೆ ಅಂದ್ರೆ ಇದನ್ನ ಕಲೀಬೇಕಾ ಅನ್ಸುತ್ತೆ. ಕಲೀಬೇಕು, ಅದ್ರಲ್ಲೂ ಆ ಕೊನೇ ಪದದ ವಿಷಯ ತಲೆಗೆ ಹೋಗೋಕೆ ವರ್ಷಾನೇ ಹಿಡಿಯುತ್ತೆ.

ಯಾವಾಗ ಏನು ಬರುತ್ತೆ ಅಂತ ಕೇಳ್ತೀರಾ. ಆರು ತಿಂಗಳ ಕೂಸಿಗೇ 8 ಚುಕ್ಕಿಗೂ 16 ಚುಕ್ಕಿಗೂ ವ್ಯತ್ಯಾಸ ಗೊತ್ತಾಗುತ್ತಂತೆ, 8ಕ್ಕೂ 12ಕ್ಕೂ ಗೊತ್ತಾಗಲ್ಲ. ಅಂದ್ರೆ ಹೆಚ್ಚು ಕಮ್ಮಿ ಅನ್ನೋ ಅಂದಾಜು ಮಾತು ಬರೋಕೆ ಮುಂಚೆನೇ ಇರುತ್ತೆ. ಎರಡು ವರ್ಷದ ಆಸುಪಾಸಲ್ಲಿ ಅಂಕಿಗಳ ಹೆಸರು ಬಾಯಿಗೆ ಬರೋಕೆ ಶುರು, ಕ್ರಮ ಎಲ್ಲಾ ಹಿಂದುಮುಂದು. ಎರಡೂವರೆಯಿಂದ ಮೂರರೊಳಗೆ "ಒಂದು" ಅಂದ್ರೆ ಒಂದೇ ಅಂತ ಅರ್ಥ ಆಗುತ್ತೆ, ಉಳಿದಿದ್ದೆಲ್ಲ ಅದಕ್ಕೆ "ಸುಮಾರು" ಅಷ್ಟೇ. ಕೆಲವು ತಿಂಗಳು ಬಿಟ್ಟು ಎರಡು, ಮತ್ತೆ ಕೆಲವು ತಿಂಗಳು ಬಿಟ್ಟು ಮೂರು. ಮೂರು ನಾಲ್ಕು ಅನ್ನೋ ಅಂಕಿ ತನಕ ಹೀಗೆ ತೆವಳಿಕೊಂಡು ಹೋಗುತ್ತೆ, ಆಮೇಲೆ ಮೂರೂವರೆ ನಾಲ್ಕು ವರ್ಷದ ಹೊತ್ತಿಗೆ ಇದ್ದಕ್ಕಿದ್ದಂಗೆ ಬಲ್ಬ್ ಹತ್ತಿದ ಹಾಗೆ ಐದು ಕೇಳಿದ್ರೆ ಐದು, ಏಳು ಕೇಳಿದ್ರೆ ಏಳು ಎಣಿಸಿ ಕೊಡುತ್ತೆ. ಕ್ಯಾರೆನ್ ವಿನ್ ಅನ್ನೋರು 1990ರ ಸುಮಾರಿಗೆ ಮಾಡಿದ ಅಧ್ಯಯನಗಳಲ್ಲಿ ಈ ಮೆಟ್ಟಿಲು ಸ್ಪಷ್ಟವಾಗಿ ಕಾಣಿಸ್ತು. ವಯಸ್ಸು ಮಗುವಿಂದ ಮಗುಗೆ ಆರು ತಿಂಗಳು ಒಂದು ವರ್ಷ ಆಚೀಚೆ ಆಗಬಹುದು, ಪಕ್ಕದ್ಮನೆ ಮಗು ಜೊತೆ ಹೋಲಿಸೋಕೆ ಹೋಗ್ಬೇಡಿ.

ನಿಮ್ಮ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಮನೇಲೇ ನೋಡಬಹುದು, ವಿನ್ ಮಾಡಿದ್ದೂ ಹೆಚ್ಚುಕಡಿಮೆ ಇದೇ ಆಟನೇ. ಒಂದು ಬುಟ್ಟಿಲಿ ಹತ್ತು ಸ್ಪೂನೋ ಬಟ್ಟೆ ಕ್ಲಿಪ್ಪೋ ಇಡಿ, ಒಂದು ಗೊಂಬೆ ಕೂರಿಸಿ, "ಗೊಂಬೆಗೆ ಒಂದು ಕೊಡು" ಅನ್ನಿ. ಕೊಟ್ರೆ ವಾಪಸ್ ಹಾಕಿಸಿ "ಎರಡು ಕೊಡು". ಆಮೇಲೆ ಮೂರು. ಎಲ್ಲಿ ಕೈಗೆ ಸಿಕ್ಕಷ್ಟು ಬಾಚಿ ಕೊಡೋಕೆ ಶುರು ಮಾಡುತ್ತೋ ಅದರ ಹಿಂದಿನ ಅಂಕಿವರೆಗೆ ಅದಕ್ಕೆ ನಿಜವಾಗ್ಲೂ ಗೊತ್ತು ಅಂತ ಅರ್ಥ. ತಪ್ಪಾದ್ರೆ ತಿದ್ದೋಕೆ ಹೋಗ್ಬೇಡಿ, ಮುಖ ಸಪ್ಪೆ ಮಾಡ್ಬೇಡಿ, ಗೊಂಬೆ "ಥ್ಯಾಂಕ್ಯೂ" ಹೇಳಿ ಆಟ ಮುಗಿಸಿ. ತಿಂಗಳಿಗೊಂದು ಸಲ ಸಾಕು, ದಿನಾ ಮಾಡಿದ್ರೆ ಅದು ಪರೀಕ್ಷೆ ಆಗೋಗುತ್ತೆ. ಇನ್ನೊಂದು ಮುಖ್ಯ ಮಾತು, ಮೂರು ವರ್ಷದ ಒಳಗಿನ ಮಕ್ಕಳ ಕೈಗೆ ಕಡ್ಲೆಬೀಜ, ಹುಣಸೆಬೀಜ, ಮಣಿ, ನಾಣ್ಯ ಕೊಟ್ಟು ಎಣಿಸೋ ಆಟ ಆಡಿಸ್ಬೇಡಿ, ಬಾಯಿಗೆ ಹಾಕಿ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ರಿಮೋಟ್‌ನ ಬಟನ್ ಸೆಲ್ ಅಂತೂ ಕಣ್ಣಿಗೇ ಬೀಳಬಾರದು.

ಈಗ ಕಲಿಸೋ ವಿಷಯ. ನಾನು ಮೊದಲು ಮಾಡ್ತಿದ್ದ ತಪ್ಪು ಏನಂದ್ರೆ ಬರೀ ಒಂದು ಎರಡು ಮೂರು ಅಂತ ಎಣಿಸಿ ಸುಮ್ನಾಗ್ತಿದ್ದೆ. ಒಟ್ಟು ಎಷ್ಟು ಅಂತ ಹೇಳ್ತಾನೇ ಇರ್ಲಿಲ್ಲ, ಅದು ಅವಳಿಗೆ ಹೆಂಗೆ ಗೊತ್ತಾಗ್ಬೇಕು. ಮೊದಲು ಒಟ್ಟು ಹೇಳಿ, ತಕ್ಷಣ ಎಣಿಸಿ: "ನೋಡು, ತಟ್ಟೇಲಿ ಮೂರು ಇಡ್ಲಿ ಇದೆ. ಒಂದು, ಎರಡು, ಮೂರು. ಮೂರು ಇಡ್ಲಿ." ಇಷ್ಟೇ ವ್ಯತ್ಯಾಸ, ಆದ್ರೆ ಬರೀ ಎಣಿಸೋದಕ್ಕಿಂತ, ಬರೀ ಒಟ್ಟು ಹೇಳೋದಕ್ಕಿಂತ, ಎರಡನ್ನೂ ಒಟ್ಟಿಗೆ ಮಾಡಿದ್ರೆನೇ ಮಕ್ಕಳಿಗೆ ಹತ್ತೋದು ಅಂತ ಅಧ್ಯಯನದಲ್ಲೂ ಕಂಡಿದೆ. ಮತ್ತೆ ಕಣ್ಣೆದುರು ಇರೋದನ್ನೇ ಎಣಿಸಿ. "ನಿನಗೆ ಎಷ್ಟು ವರ್ಷ", "ಅಪ್ಪ ಎಷ್ಟು ಗಂಟೆಗೆ ಬರ್ತಾರೆ" ಇವೆಲ್ಲ ಅಂಕಿಯ ಮಾತೇ ಆದ್ರೂ ಮಗುಗೆ ಅಲ್ಲಿ ನೋಡೋಕೆ ಮುಟ್ಟೋಕೆ ಏನೂ ಇಲ್ಲ. ಷಿಕಾಗೊದಲ್ಲಿ ಸೂಸನ್ ಲೆವಿನ್ ಮತ್ತವರ ಜೊತೆಯವರು ಮನೆಮನೆಗೆ ಹೋಗಿ ಮಕ್ಕಳು 14 ತಿಂಗಳಿಂದ 30 ತಿಂಗಳ ತನಕ ಇರೋವಾಗ ಅಪ್ಪ ಅಮ್ಮ ಆಡೋ ಮಾತು ರೆಕಾರ್ಡ್ ಮಾಡಿದ್ರು. ಅಂಕಿಯ ಮಾತು ಜಾಸ್ತಿ ಕೇಳಿದ ಮಕ್ಕಳಿಗೆ ನಾಲ್ಕು ವರ್ಷ ಆಗೋ ಹೊತ್ತಿಗೆ "ಎಷ್ಟು" ಅನ್ನೋದು ಚೆನ್ನಾಗಿ ಅರ್ಥ ಆಗಿತ್ತು. 2010ರಲ್ಲಿ ಬಂದಿದ್ದು ಇದು. ಅದರ ಮುಂದಿನ ವರ್ಷ ಬಂದಿದ್ದರಲ್ಲಿ, ಎದುರಿಗೆ ಕಾಣೋ ವಸ್ತುಗಳನ್ನ, ಅದ್ರಲ್ಲೂ ನಾಲ್ಕರಿಂದ ಹತ್ತರ ತನಕ ಎಣಿಸಿದ್ದು ಹೆಚ್ಚು ಉಪಯೋಗಕ್ಕೆ ಬಂದಿತ್ತು ಅಂತ ಗೊತ್ತಾಯ್ತು.

ಎಣಿಸೋವಾಗ ಬರೀ ಬೆರಳು ತೋರಿಸೋಕಿಂತ ವಸ್ತುನ ಸರಿಸಿ. ಎಣಿಸಿದ ಟೊಮೇಟೊ ಆ ಕಡೆ, ಎಣಿಸದೇ ಇರೋದು ಈ ಕಡೆ. ಸುಮ್ನೆ ತೋರಿಸ್ತಾ ಹೋದ್ರೆ ಒಂದನ್ನೇ ಎರಡು ಸಲ ಎಣಿಸ್ತಾರೆ, ಇಲ್ಲ ಬಾಯಿ ಓಡುತ್ತೆ ಬೆರಳು ಹಿಂದೆ ಉಳಿಯುತ್ತೆ. ಮೆಟ್ಟಿಲು ಇದಕ್ಕೆ ಬೆಸ್ಟು, ಒಂದು ಹೆಜ್ಜೆಗೆ ಒಂದು ಅಂಕಿ, ಮೋಸ ಮಾಡೋಕೇ ಆಗಲ್ಲ. ಊಟಕ್ಕೆ ಮುಂಚೆ ತಟ್ಟೆ ಇಡೋ ಕೆಲಸ ಅವರಿಗೇ ಬಿಡಿ, ಅಜ್ಜಿಗೊಂದು ತಟ್ಟೆ, ತಾತಂಗೊಂದು, ಅಪ್ಪಂಗೊಂದು, ಯಾರಿಗೆ ಇಲ್ಲ ಯಾರಿಗೆ ಜಾಸ್ತಿ ಆಯ್ತು ಅಂತ ಅವರೇ ಕಂಡುಹಿಡೀತಾರೆ, ಅಂಕಿ ಬಾಯಿಗೆ ಬರದೇ ಇದ್ರೂ ಪರವಾಗಿಲ್ಲ. ಸ್ಟೀಲ್ ತಟ್ಟೆ ಕೊಡಿ ಅಂತ ಹೇಳ್ಬೇಕಾಗಿಲ್ಲ ಅನ್ಕೋತೀನಿ.

ಬೆರಳ ವಿಷಯದಲ್ಲಿ ನಮ್ಮ ಕಡೆ ಒಂದು ತಮಾಷೆ ಇದೆ. ನಮ್ಮಲ್ಲಿ ದೊಡ್ಡವರು ಹೆಬ್ಬೆರಳಿಂದ ಬೆರಳ ಗೆಣ್ಣು ಮುಟ್ಟಿಕೊಂಡು ಲೆಕ್ಕ ಹಾಕ್ತಾರಲ್ಲ, ಮಗು ಅದನ್ನ ನೋಡಿ ಒಂದೇ ಬೆರಳಿಗೆ ಮೂರು ಅಂಕಿ ಹೇಳೋಕೆ ಶುರು ಮಾಡ್ತು. ತಪ್ಪೇನಿಲ್ಲ, ಒಳ್ಳೇ ಪದ್ಧತಿನೇ ಅದು, ಆದ್ರೆ ಸದ್ಯಕ್ಕೆ ಒಂದು ಬೆರಳಿಗೆ ಒಂದು ಅಂತಲೇ ಇಟ್ಕೊಳ್ಳಿ. ಇದಕ್ಕಿಂತ ಜೋರು ನಮ್ಮ ಮಾವನವರದ್ದು. ಊರಲ್ಲಿ ರಾಗಿ ಅಳೆಯೋವಾಗ ಮೊದಲ ಸೇರಿಗೆ ಒಂದು ಅನ್ನಲ್ಲ, "ಲಾಭ" ಅಂತಾರೆ, ಆಮೇಲೆ ಎರಡು ಮೂರು. ಬೇಸಿಗೆ ರಜಕ್ಕೆ ಹೋಗಿ ಬಂದಮೇಲೆ ಇವಳು ಒಂದು ತಿಂಗಳು ಲಿಫ್ಟಲ್ಲಿ, ಅಂಗಡೀಲಿ, ಎಲ್ಲಾ ಕಡೆ "ಲಾಭ, ಎರಡು, ಮೂರು" ಅಂತಾನೇ ಎಣಿಸಿದ್ಲು. ನಾನು ತಿದ್ದಲಿಲ್ಲ, ಕ್ರಮ ಸರಿಯಾಗೇ ಇತ್ತಲ್ಲ!

ಕನ್ನಡದಲ್ಲಿ ಎಣಿಸೋಕೆ ಒಂದು ಅನುಕೂಲ ಇದೆ. ಹದಿಮೂರು, ಹದಿನಾಲ್ಕು, ಹದಿನೈದು, ಇಪ್ಪತ್ತೊಂದು, ಇಪ್ಪತ್ತೆರಡು, ಒಳಗಡೆ ಮೂರು ನಾಲ್ಕು ಐದು ಕೇಳಿಸ್ತಾನೇ ಇರುತ್ತೆ. ಇಂಗ್ಲಿಷಿನ ಇಲೆವೆನ್ ಟ್ವೆಲ್ವ್‌ನಲ್ಲಿ ಒನ್ನೂ ಇಲ್ಲ ಟೂನೂ ಇಲ್ಲ, ಹಿಂದೀಲಂತೂ ನೂರರ ತನಕ ಒಂದೊಂದನ್ನೂ ಬಾಯಿಪಾಠನೇ ಮಾಡ್ಬೇಕು. ಆದ್ರೆ ನಮ್ಮಲ್ಲೂ ಎಡವೋ ಜಾಗ ಇದೆ, ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಒಂದೇ ಥರ ಕೇಳಿಸುತ್ತೆ, ದೊಡ್ಡ ಮಕ್ಕಳೂ ಅಲ್ಲಿ ಜಾರ್ತಾರೆ. ಜನರನ್ನ ಎಣಿಸೋಕೆ ಒಬ್ಬರು ಇಬ್ಬರು ಅಂತ ಬೇರೆ ಪದ ಬೇರೆ, ಅದಕ್ಕೇ "ಎರಡು ಅತ್ತೆ ಬಂದ್ರು" ಅಂತಾವೆ. ನಗಬೇಡಿ, "ಹೌದು, ಇಬ್ಬರು ಅತ್ತೆ ಬಂದ್ರು" ಅಂತ ನೀವು ಸರಿಯಾಗಿ ಹೇಳಿ ಮುಂದಕ್ಕೆ ಹೋಗಿ.

ಮನೇಲಿ ಕನ್ನಡ, ಪ್ಲೇಸ್ಕೂಲಲ್ಲಿ ಇಂಗ್ಲಿಷ್, ಯಾವುದ್ರಲ್ಲಿ ಕಲಿಸೋದು ಅಂತ ತುಂಬ ಜನ ಕೇಳ್ತಾರೆ. ಎರಡು ಭಾಷೆ ಕಲಿಯೋ ಮಕ್ಕಳ ಮೇಲೆ 2015ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಒಂದು, ಎರಡು, ಮೂರು ಅನ್ನೋ ಸಣ್ಣ ಅಂಕಿಗಳ ಅರ್ಥನ ಮಗು ಒಂದೊಂದು ಭಾಷೇಲೂ ಬೇರೆ ಬೇರೆಯಾಗೇ ಕಲೀಬೇಕಾಗುತ್ತೆ, ಆದ್ರೆ ಕೊನೇ ಪದವೇ ಒಟ್ಟು ಅನ್ನೋ ಗುಟ್ಟು ಒಂದು ಭಾಷೇಲಿ ಹೊಳೆದ್ರೆ ಇನ್ನೊಂದಕ್ಕೂ ದಾಟುತ್ತೆ. ಅದಕ್ಕೇ ನನ್ನ ಅಭಿಪ್ರಾಯ, ನಿಮ್ಮ ಬಾಯಲ್ಲಿ ಯಾವುದು ಸಲೀಸೋ ಅದ್ರಲ್ಲೇ ಎಣಿಸಿ. ಇಂಗ್ಲಿಷ್ ಅಂಕಿಗಳ ಹೆಸರು ಎಲ್ಲಿಗೂ ಓಡೋಗಲ್ಲ, ಲಿಫ್ಟ್ ಬಟನ್ನು, ಟಿವಿ, ಫೋನ್ ನಂಬರ್ ಎಲ್ಲಾ ಇಂಗ್ಲಿಷೇ.

ಸ್ಕೂಲಿನ ಮಾತು ಬಂತು ಅಂತ ಹೇಳ್ತೀನಿ, ನಾವು ಸೇರಿಸಿದ್ದ ಒಂದು ಪ್ಲೇಸ್ಕೂಲಲ್ಲಿ ಮೂರು ವರ್ಷದ ಮಕ್ಕಳಿಗೆ 1ರಿಂದ 50 ಬರೆಯೋ ಹೋಮ್‌ವರ್ಕ್ ಕೊಡ್ತಿದ್ರು. ಬೆರಳಲ್ಲಿ ಪೆನ್ಸಿಲ್ ಹಿಡಿಯೋ ಶಕ್ತಿನೇ ಇನ್ನೂ ಬಂದಿರಲ್ಲ, ಕೊನೆಗೆ ನಾನೇ ಎಡಗೈಲಿ ಬರೆದು ಕಳಿಸ್ತಿದ್ದೆ. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಅನ್ನೋ, ಚಿಕ್ಕ ಮಕ್ಕಳ ಓದು ಬರಹ ಲೆಕ್ಕದ ಯೋಜನೆಯ ಗುರಿ ನೋಡಿ ಬೇಕಾದ್ರೆ, ಒಂದನೇ ಕ್ಲಾಸಿಗಿಂತ ಮುಂಚಿನ ಬಾಲವಾಟಿಕಾ ಮಕ್ಕಳು, ಅಂದ್ರೆ ಐದಾರು ವರ್ಷದವರು, 10ರ ತನಕ ಅಂಕಿ ಗುರುತಿಸಿ ಓದಿದ್ರೆ ಸಾಕು. 99ರ ತನಕ ಓದಿ ಬರೆಯೋದು ಒಂದನೇ ಕ್ಲಾಸಿನ ಗುರಿ. ಇದನ್ನ ಟೀಚರ್‌ಗೆ ಮೆತ್ತಗೆ ಹೇಳಿ ನೋಡಿದೆ, ನಕ್ಕು "ಪೇರೆಂಟ್ಸೇ ಕೇಳ್ತಾರೆ ಮೇಡಂ" ಅಂದ್ರು. ಅದೂ ನಿಜಾನೇ ಇರಬಹುದು.

ಬರೆಸೋ ಬದಲು ಆಟ ಆಡಿಸಿ. ಮೂರು ದಾಟಿ ಬಾಯಿಗೆ ಹಾಕೋ ಅಭ್ಯಾಸ ಪೂರ್ತಿ ಬಿಟ್ಟಮೇಲೆ ಅಳಗುಳಿ ಮಣೆ ತೆಗೀರಿ, ಕೆಲವು ಕಡೆ ಚೆನ್ನೆಮಣೆ ಅಂತಾರೆ. ಹದಿನಾಲ್ಕು ಗುಳಿ, ಒಂದೊಂದಕ್ಕೂ ಒಂದೊಂದು ಕಾಳು ಹಾಕ್ತಾ ಹೋಗೋದೇ ಆಟ, "ಒಂದಕ್ಕೆ ಒಂದು" ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಕಲಿಸೋದು ನಾನಂತೂ ನೋಡಿಲ್ಲ. ನಿಯಮ ಎಲ್ಲಾ ಬಿಡಿ, ಪಕ್ಕದಲ್ಲೇ ಕೂತು ಬರೀ ಕಾಳು ಹಾಕಿಸಿ. ನಾಲ್ಕು ವರ್ಷದವರಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಒಂದೇ ಸಾಲಲ್ಲಿ ಬರೆದು 1ರಿಂದ 10 ಹಾಕಿ, ಒಂದು ಅಥವಾ ಎರಡು ಹೆಜ್ಜೆ ಮುಂದಕ್ಕೆ ಹೋಗೋ ಆಟ ಮಾಡಿ. ಸೀಗ್ಲರ್, ರಮಣಿ ಅನ್ನೋ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದ್ದೇ ಬೋರ್ಡ್ ಆಟನ ಸ್ವಲ್ಪ ದಿನ ಆಡಿದ ಮಕ್ಕಳಿಗೆ ಅಂಕಿಗಳ ಅಂದಾಜು ಚೆನ್ನಾಗಿ ಸುಧಾರಿಸಿತ್ತು. ಮುಂದಕ್ಕೆ ಹೋಗೋವಾಗ ನಿಂತಿರೋ ಮನೇನ ಬಿಟ್ಟು ಎಣಿಸಬೇಕು, "ಐದರಲ್ಲಿದ್ದೀಯ, ಆರು, ಏಳು" ಅಂತ. ಹಾವು ಏಣಿ ಆಟ ಇನ್ನೂ ಬೇಡ, ಸಾಲು ಒಂದು ಸಲ ಆ ಕಡೆ ಒಂದು ಸಲ ಈ ಕಡೆ ತಿರುಗುತ್ತಲ್ಲ, ಚಿಕ್ಕವರಿಗೆ ತಲೆ ಕೆಡುತ್ತೆ, ಹಾವು ನುಂಗಿದ್ರೆ ಅಳು ಬೇರೆ.

ಯಾವಾಗ ಡಾಕ್ಟರ್ ಹತ್ರ ಹೋಗ್ಬೇಕು? ಎರಡು ಮೂರು ವರ್ಷಕ್ಕೆ ಎಣಿಸಲ್ಲ ಅಂತ ಅಂತೂ ಅಲ್ಲ. ಆದ್ರೆ ಮಾತೇ ತಡ ಆಗ್ತಿದೆ, ಕರೆದ್ರೆ ತಿರುಗಲ್ಲ ಅಂದ್ರೆ ಮೊದಲು ಕಿವಿ ಟೆಸ್ಟ್ ಮಾಡಿಸಿ, ಅಂಕಿ ಆಮೇಲೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ಮಕ್ಕಳಿಗೆ ಯಾವ ವಯಸ್ಸಿಗೆ ಏನು ಬರಬೇಕು ಅಂತ ಮಾಡಿರೋ ಪಟ್ಟೀಲಿ ಹತ್ತರ ತನಕ ಎಣಿಸೋದನ್ನ ಐದು ವರ್ಷಕ್ಕೆ ಇಟ್ಟಿದ್ದಾರೆ. ಐದು ತುಂಬಿ, ದಿನಾ ಜೊತೇಲಿ ಎಣಿಸ್ತಿದ್ರೂ ಮೂರು ನಾಲ್ಕು ವಸ್ತು ಎಣಿಸೋಕೆ ಬರ್ತಿಲ್ಲ ಅಂದ್ರೆ ಮಕ್ಕಳ ಡಾಕ್ಟರ್ ಹತ್ರ ಒಂದು ಮಾತು ಹೇಳೋದು ಒಳ್ಳೇದು.

ಇನ್ನು ಎಣಿಸೋಕೆ ಬಂದಮೇಲೂ ಎಲ್ಲಾ ಬಂತು ಅಂತಲ್ಲ. ಐದು ಬಿಸ್ಕೆಟ್‌ನ ಹತ್ತಿರ ಹತ್ತಿರ ಒಂದು ಸಾಲು, ಇನ್ನೈದನ್ನ ದೂರ ದೂರ ಇನ್ನೊಂದು ಸಾಲು ಇಟ್ಟು "ಯಾವುದ್ರಲ್ಲಿ ಜಾಸ್ತಿ" ಅಂತ ಕೇಳಿ, ಉದ್ದದ ಸಾಲನ್ನೇ ತೋರಿಸ್ತಾರೆ, ಎರಡನ್ನೂ ಎಣಿಸಿ ಐದು ಐದು ಅಂದ ಮೇಲೂ! ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಪಿಯಾಜೆ ತೋರಿಸಿಕೊಟ್ಟಿದ್ದು ಇದು, ಆರೇಳು ವರ್ಷದ ಹೊತ್ತಿಗೆ ಸರಿ ಹೋಗುತ್ತೆ. ಹಂಗೇ ಮುರಿದ ವಸ್ತುನ ಒಂದು ಅಂತ ಒಪ್ಪಲ್ಲ, ತುಂಡು ಎಷ್ಟಿದೆಯೋ ಅಷ್ಟು ಅಂತ ಎಣಿಸ್ತಾರೆ. ನಮ್ಮನೇಲಿ ಇದು ನನಗೆ ಬಹಳ ಉಪಯೋಗಕ್ಕೆ ಬಂತು. ಊಟಕ್ಕೆ ಮುಂಚೆ "ಎರಡು ಬಿಸ್ಕೆಟ್ ಬೇಕು" ಅಂತ ಹಟ ಹಿಡಿದಾಗ ಒಂದನ್ನೇ ಮುರಿದು ಕೊಡ್ತಿದ್ದೆ, ಒಂದು, ಎರಡು ಅಂತ ಎಣಿಸಿ ಖುಷಿಯಾಗಿ ಹೋಗ್ತಿದ್ಲು. ಮೊನ್ನೆ ಎರಡು ತುಂಡನ್ನ ಜೋಡಿಸಿ ನೋಡಿ "ಇದು ಒಂದೇ ಅಲ್ವಾಮ್ಮ" ಅಂದ್ಲು.