ಹಿತ್ತಲಿನ ಪಟ್ಟಿಂಗ್ ಗ್ರೀನ್: ಹುಲ್ಲಿಗೆ ಮೊದಲು ನೆಲ

ಹಿತ್ತಲಲ್ಲಿ ಪಟ್ಟಿಂಗ್ ಗ್ರೀನ್, ಅಂದರೆ ಗಾಲ್ಫ್ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವ ಹಾಸು, ಹಾಕಬೇಕು ಅಂದವರೆಲ್ಲ ಮೊದಲು ಕೇಳುವುದು ಯಾವ ಕೃತಕ ಹುಲ್ಲು ಒಳ್ಳೆಯದು ಅಂತ. ನಾನು ಮೊದಲು ನೋಡುವುದು ನೆಲವನ್ನು. ಗಾಲ್ಫ್ ಚೆಂಡಿನ ತೂಕ 46 ಗ್ರಾಂ ಕೂಡ ದಾಟುವುದಿಲ್ಲ. ಓಟ ಮುಗಿಯುತ್ತಾ ಬಂದ ಕೊನೆಯ ಎರಡಡಿಯಲ್ಲಿ ಹಾಸಿನ ಕೆಳಗೆ ಒಂದು ಸಣ್ಣ ಹರಳಿದ್ದರೂ ಸಾಕು, ಚೆಂಡು ದಾರಿ ತಪ್ಪುತ್ತದೆ. ಹುಲ್ಲು ಆ ಉಬ್ಬನ್ನು ಮುಚ್ಚುತ್ತದೆಯೇ ಹೊರತು ಸರಿಮಾಡುವುದಿಲ್ಲ. ಹಾಗಾಗಿ ನಿಮ್ಮ ಶ್ರಮದಲ್ಲಿ ಮುಕ್ಕಾಲು ಪಾಲು ತಳಕ್ಕೇ ಹೋಗಲಿ.

ಜಾಗ ಆರಿಸುವಾಗ ದೊಡ್ಡ ಮರದ ಬುಡದಿಂದ ದೂರ ಇರಿ; ಬೇರು ದಪ್ಪವಾಗುತ್ತಾ ಬಂದಂತೆ ನೆಲವನ್ನು ಎತ್ತುತ್ತದೆ. ಇನ್ನೊಂದು ಸಂಗತಿ ಬಹಳ ಜನರಿಗೆ ಹೊಳೆಯುವುದಿಲ್ಲ: ಬಿಸಿಲನ್ನು ಹಿಂದಕ್ಕೆ ಎಸೆಯುವ ಕಿಟಕಿ ಗಾಜು ಎದುರಿಗಿದ್ದರೆ, ಆ ಪ್ರತಿಫಲನ ಬೀಳುವ ಕಡೆ ಪ್ಲಾಸ್ಟಿಕ್ ಎಳೆಗಳು ಕರಗಿ ಮುರುಟುತ್ತವೆ. ಬಿಸಿಲಿರುವ ದಿನ ಬೇರೆಬೇರೆ ಹೊತ್ತಿನಲ್ಲಿ ಅಲ್ಲಿ ನಿಂತು ನೋಡಿ.

ಅಂಚನ್ನು ಹಗ್ಗದಿಂದ ಗುರುತಿಸಿ, ಹುಲ್ಲು ಕಳೆಗಳನ್ನು ಬೇರುಸಮೇತ ಕಿತ್ತು, 10ರಿಂದ 12 ಸೆಂಟಿಮೀಟರ್ ಅಗೆಯಿರಿ. ಜಿಗುಟು ಮಣ್ಣಾದರೆ 15ರವರೆಗೂ ಹೋಗಿ. ಬರಿ ಮಣ್ಣನ್ನು ಗಟ್ಟಿಯಾಗಿ ದಿಮ್ಮಿಸಿ ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಜಲ್ಲಿ ಮಣ್ಣಿನೊಳಗೆ ಇಳಿದುಹೋಗದಂತೆ ತಡೆಯುವುದು ಅದೇ. ನಂತರ ಪುಡಿ ಬೆರೆತ ಸಣ್ಣ ಜಲ್ಲಿಯನ್ನು ಎರಡು ಪದರವಾಗಿ ಹಾಕಿ, ಪ್ರತಿ ಪದರವನ್ನೂ ಪ್ಲೇಟ್ ಕಂಪ್ಯಾಕ್ಟರ್ ಎಂಬ ದಿಮ್ಮಿಸುವ ಯಂತ್ರದಿಂದ ಬೇರೆಯಾಗಿ ದಿಮ್ಮಿಸಿ. ಒಂದೇ ಸಲ ಸುರಿದು ಮೇಲಿಂದ ಓಡಿಸಿದರೆ ಮೇಲ್ಪದರ ಮಾತ್ರ ಗಟ್ಟಿ, ಒಳಗೆಲ್ಲ ಸಡಿಲ. ಕೊನೆಗೆ ಎರಡು ಮೂರು ಸೆಂಟಿಮೀಟರ್ ನಯವಾದ ಕಲ್ಲುಪುಡಿ.

ಕಲ್ಲುಪುಡಿಗೆ ನೀರು ಎಷ್ಟು ಅನ್ನುವುದನ್ನು ಕೈಯೇ ಹೇಳುತ್ತದೆ. ಒಂದು ಹಿಡಿ ತೆಗೆದುಕೊಂಡು ಒತ್ತಿ. ಉಂಡೆ ಕಟ್ಟಬೇಕು, ಮುಷ್ಟಿ ಬಿಚ್ಚಿದರೂ ಉಂಡೆಯಾಗಿಯೇ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಆ ಹದದಲ್ಲಿ ದಿಮ್ಮಿಸಿದ ತಳದ ಮೇಲೆ ಹಿಮ್ಮಡಿ ಊರಿ ತಿರುಗಿಸಿದರೂ ಗುಳಿ ಬೀಳುವುದಿಲ್ಲ.

ಇಳಿಜಾರು ಇಲ್ಲೇ, ಈ ಪದರದಲ್ಲೇ ಕೂರಬೇಕು. ನೀರು ಹರಿಯಲು ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್ ಇಳಿತ ಸಾಕು, ಅದೂ ಮನೆಯ ಗೋಡೆಯಿಂದ ಆಚೆಗೆ. ಆಟದ ಸ್ವಾರಸ್ಯಕ್ಕೆ ಒಂದೆರಡು ಮೆಲ್ಲನೆಯ ಏರಿಳಿತ ಮಾಡಿಕೊಳ್ಳಿ, ಆದರೆ ಕುಳಿಯ ಸುತ್ತ ಮೂರಡಿ ಮಾತ್ರ ಹೆಚ್ಚುಕಡಿಮೆ ಸಮವಾಗಿರಲಿ. ಅಲ್ಲಿ ಮೀಟರಿಗೆ ಮೂರು ಸೆಂಟಿಮೀಟರಿಗಿಂತ ಹೆಚ್ಚು ಇಳಿತವಿದ್ದರೆ ಮೇಲಿನಿಂದ ಬಂದ ಚೆಂಡು ನಿಲ್ಲುವುದು ಕಷ್ಟ.

ಪರೀಕ್ಷೆಗೆ ಉದ್ದನೆಯ ನೇರ ಪಟ್ಟಿ ಇಟ್ಟು ಎಳೆಯಿರಿ. ನನಗೆ ಅದಕ್ಕಿಂತ ನಂಬಿಕೆ ಇರುವುದು ಕತ್ತಲಲ್ಲಿ ಟಾರ್ಚಿನ ಮೇಲೆ. ಟಾರ್ಚನ್ನು ನೆಲದ ಮೇಲೇ ಮಲಗಿಸಿ ಹೊತ್ತಿಸಿ. ಹಗಲು ಕಾಣದ ಒಂದೊಂದು ತಗ್ಗೂ ಉದ್ದನೆಯ ನೆರಳಾಗಿ ಎದ್ದು ಕಾಣುತ್ತದೆ. ಅಲ್ಲಲ್ಲೇ ಗುರುತು ಹಾಕಿ, ಬೆಳಿಗ್ಗೆ ಕಲ್ಲುಪುಡಿ ತುಂಬಿ ಮತ್ತೆ ದಿಮ್ಮಿಸಿ. ಆಮೇಲೆ ಹೋಸ್‌ನಿಂದ ನೀರು ಬಿಟ್ಟು ಎಲ್ಲಿಯಾದರೂ ನಿಲ್ಲುತ್ತದೆಯೇ ನೋಡಿ. ಹುಲ್ಲು ಹಾಸಿದ ಮೇಲೆ ಈ ಅವಕಾಶ ಇಲ್ಲ.

ಕುಳಿಯ ವ್ಯಾಸ 108 ಮಿಲಿಮೀಟರ್, ಆಳ ಕನಿಷ್ಠ 101.6. ಅಭ್ಯಾಸಕ್ಕೇ ಆದರೂ ಈ ಅಳತೆ ಬಿಡಬೇಡಿ. ಕುಳಿಯೊಳಗೆ ಕೂರುವ ಕಪ್‌ಗಾಗಿ ಆಳವಾಗಿ ತೋಡಿ, ಅಡಿಯಲ್ಲಿ ನೀರು ಇಂಗಲು ಬರಿ ಜಲ್ಲಿ ತುಂಬಿ, ಸುತ್ತ ಕಾಂಕ್ರೀಟ್ ಹಾಕಿ ಕೂರಿಸಿ. ಕಪ್ಪಿನ ಬಾಯಿ ತಳಕ್ಕಿಂತ ಕೂದಲೆಳೆಯಷ್ಟೂ ಮೇಲೆ ಬರಬಾರದು. ಬಂದರೆ ಹುಲ್ಲಿನಡಿ ಒಂದು ಏಣು ಉಳಿದು, ಒಳಗೆ ಬೀಳಬೇಕಾದ ಚೆಂಡು ಪಕ್ಕಕ್ಕೆ ಸರಿಯುತ್ತದೆ.

ಇನ್ನು ಹುಲ್ಲು. ಪಟ್ಟಿಂಗಿಗೆ 10ರಿಂದ 15 ಮಿಲಿಮೀಟರ್ ಎತ್ತರದ, ದಟ್ಟ ಎಳೆಯ ಹಾಸೇ ಬೇಕು. ತೋಟದ ಅಲಂಕಾರಕ್ಕೆ ಮಾರುವ ಎತ್ತರದ ಹುಲ್ಲಿನ ಮೇಲೆ ಚೆಂಡು ಉರುಳುವುದಿಲ್ಲ, ತೆವಳುತ್ತದೆ. ನೈಲಾನ್ ಎಳೆ ಗಟ್ಟಿ, ತಾನಾಗಿ ನೆಟ್ಟಗೆ ನಿಲ್ಲುತ್ತದೆ, ಎಳೆಗಳ ನಡುವೆ ಮರಳು ತುಂಬಬೇಕಿಲ್ಲದ ಬಗೆಯೂ ಸಿಗುತ್ತದೆ. ಪಾಲಿಪ್ರೊಪಿಲೀನ್ ಮೆತ್ತಗೆ, ಮರಳಿಲ್ಲದೆ ನಿಲ್ಲದು. ಚೆಂಡಿನ ಓಟವನ್ನು ಕೈಯಾರೆ ತಿದ್ದಿಕೊಳ್ಳಬಹುದು ಅನ್ನುವ ಕಾರಣಕ್ಕೆ ನನ್ನ ಒಲವು ಮರಳಿನ ಕಡೆಗೇ. ಸುರುಳಿಗಳ ಅಗಲ ಸಾಮಾನ್ಯವಾಗಿ 12 ಅಥವಾ 15 ಅಡಿ. ಗ್ರೀನ್ ಅದರೊಳಗೇ ಮುಗಿಯುವಂತೆ ಆಕಾರ ಬರೆದುಕೊಂಡರೆ ಜೋಡಣೆಯ ಗೆರೆಯ ಕಾಟವೇ ಇಲ್ಲ. ಜೋಡಿಸಲೇಬೇಕಾದರೆ ಎರಡೂ ತುಂಡಿನ ಎಳೆ ಒಂದೇ ದಿಕ್ಕಿಗೆ ಬಾಗಿರಲಿ.

ಬಿಚ್ಚಿದ ಹಾಸನ್ನು ಒಂದೆರಡು ತಾಸು ಬಿಸಿಲಲ್ಲಿ ಬಿಡಿ, ಮಡಿಕೆಗಳು ಸಡಿಲವಾಗುತ್ತವೆ. ಎಳೆದು ಬಿಗಿಮಾಡಿ, ಅಂಚಿನಲ್ಲಿ 15 ಸೆಂಟಿಮೀಟರಿಗೊಂದು ಮೊಳೆ ಹೊಡೆಯಿರಿ. ನಡುವೆ ಮೊಳೆ ಬೇಡ, ತಲೆ ಕೂತ ಕಡೆ ಗುಳಿಯಾಗುತ್ತದೆ. ಕಪ್ಪನ್ನು ಬೆರಳಲ್ಲಿ ತಡವಿ ಕಂಡುಕೊಂಡು, ನಡುವಿಗೆ ಕತ್ತರಿ ಗುರುತಿನ ಹಾಗೆ ಸೀಳಿ, ಹೊಸ ಬ್ಲೇಡಿನಿಂದ ಒಳಅಂಚಿನ ಗುಂಟ ಕೊಯ್ಯಿರಿ.

ಮರಳು ಒಣಗಿದ, ದುಂಡು ಕಣದ ಸಿಲಿಕಾ ಆಗಿರಲಿ. ತೆಳ್ಳಗೆ ಎರಚಿ, ಎಳೆ ಬಾಗಿದ ದಿಕ್ಕಿಗೆ ಎದುರಾಗಿ ಗಡುಸು ಪೊರಕೆಯಿಂದ ಉಜ್ಜಿ, ಮತ್ತೆ ಎರಚಿ. ಎಳೆಯ ತುದಿಯಷ್ಟೇ ಕಾಣುವ ಹೊತ್ತಿಗೆ ರೋಲರ್ ಎಳೆದು ವೇಗ ಅಳೆಯಿರಿ. 1935ರಲ್ಲಿ ಅಮೆರಿಕದ ಓಕ್‌ಮಾಂಟ್‌ನಲ್ಲಿ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ನೋಡಿದ ಹವ್ಯಾಸಿ ಆಟಗಾರ ಎಡ್ವರ್ಡ್ ಸ್ಟಿಂಪ್ಸನ್ ರೂಪಿಸಿದ ಸ್ಟಿಂಪ್‌ಮೀಟರ್ ಬಹಳ ಸರಳ ಸಾಧನ: ಉದ್ದಕ್ಕೂ ಕಾಲುವೆಯಂತೆ ತೋಡಿರುವ ಪಟ್ಟಿ, ಅದನ್ನು ಸುಮಾರು 20 ಡಿಗ್ರಿ ಎತ್ತಿದಾಗ ಚೆಂಡು ಕಳಚಿ ಉರುಳುತ್ತದೆ, ಸಾಗಿದ ಅಡಿಗಳೇ ಗ್ರೀನಿನ ವೇಗ. ಸಮವಾದ ಭಾಗದಲ್ಲಿ ಎರಡೂ ದಿಕ್ಕಿಗೆ ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಗ್ರೀನಿಗೆ 9, 10 ಅಡಿ ಚೆನ್ನ. ಕಡಿಮೆ ಬಂದರೆ ಇನ್ನಷ್ಟು ಮರಳು, ಇನ್ನೊಮ್ಮೆ ರೋಲರ್.

ಆಮೇಲಿನ ಆರೈಕೆ ಹೆಚ್ಚಿಲ್ಲ. ಎಲೆಗಳು ಕೊಳೆಯುವ ಮೊದಲೇ ಗುಡಿಸಿ, ಕಪ್ಪಿನ ತಳದ ತೂತು ಕಟ್ಟದಂತೆ ನೋಡಿಕೊಳ್ಳಿ, ಕಾಯ್ದ ಮಧ್ಯಾಹ್ನ ಆಡುವ ಮುಂಚೆ ಸ್ವಲ್ಪ ನೀರು ಚಿಮುಕಿಸಿ. ಜೋರು ಮಳೆಗಳಾದ ಮೇಲೆ ಮರಳು ಸರಿದ ಕಡೆ ಒಂದೆರಡು ಹಿಡಿ ಸೇರಿಸಿ ಪೊರಕೆ ಆಡಿಸಿ.